ಮುತ್ತಜ್ಜನಿಗೊಂದು ಹೆಸರು ಬೇಕಾಗಿತ್ತು

ನಮ್ಮ ಮನೆತನದವರು ಏನನ್ನಾದರೂ ಹುಡುಕಲು ಹೊರಟರೆ, ಅದು ಸಿಗುವಷ್ಟರಲ್ಲಿ ಇನ್ನೆರಡು ಕಳೆದಿರುತ್ತವೆ. ಕನ್ನಡಕ ಹುಡುಕುವಾಗ ಬೀಗದ ಕೈ ಹೋಗುತ್ತದೆ, ಬೀಗದ ಕೈ ಹುಡುಕುವಾಗ ಒಲೆ ಮೇಲಿನ ಹಾಲು ಹೋಗುತ್ತದೆ. ಇದು ನಡೆದೇ ಇರುತ್ತದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಹೋದ ವರ್ಷ ನಾವು ಹುಡುಕಿದ್ದು ಒಬ್ಬ ಮನುಷ್ಯನ ಹೆಸರನ್ನು. ಆ ಮನುಷ್ಯ ತೀರಿಕೊಂಡು ಅರವತ್ತು ವರ್ಷವಾದರೂ ಆಗಿರಬೇಕು.

ನಾನು ಮೂವತ್ತು ವರ್ಷ ಪ್ರವಾಸಿಗರ ಗುಂಪು ಕಟ್ಟಿಕೊಂಡು ದೇಶ ದೇಶ ಸುತ್ತಿದವಳು. ಕೈರೋದ ಸಂತೆಯಲ್ಲಿ ಕಳೆದುಹೋದ ದಾವಣಗೆರೆಯ ದಂಪತಿಯನ್ನು ಹುಡುಕಿ ಕೊಟ್ಟಿದ್ದೇನೆ. ಇಸ್ತಾಂಬುಲ್ಲಿನ ಹೋಟೆಲಿನಲ್ಲಿ ಮರೆತು ಬಂದ ಹಲ್ಲಿನ ಸೆಟ್ಟನ್ನು ಅದರ ಒಡೆಯನ ಬಾಯಿಗೇ ತಲುಪಿಸಿದ್ದೇನೆ. ಹಾಗಾಗಿ ಮನೆಯವರೆಲ್ಲ ಈ ಕೆಲಸವನ್ನೂ ನನ್ನ ತಲೆಗೇ ಕಟ್ಟಿದರು.

೧. ಹೆಸರಿಲ್ಲದ ಕೂಸು

ಹೈದರಾಬಾದಿನ ಉಪ್ಪಲ್‌ನ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ನನ್ನ ಕಾಕು ಇದ್ದಾಳೆ. ಕಾಕು ಅಂದರೆ ಅಪ್ಪನ ತಮ್ಮನ ಹೆಂಡತಿ. ಎಂಬತ್ತನಾಲ್ಕು ವಯಸ್ಸು, ಎರಡೂ ಮೊಣಕಾಲು ಕೈಕೊಟ್ಟಿವೆ. ಕಾಕಾ ಹೋಗಿ ಬಹಳ ವರ್ಷವಾಯಿತು. ಈಗ ಅವಳು ಮೊಮ್ಮಗ ಮತ್ತು ಮೊಮ್ಮಗನ ಹೆಂಡತಿಯ ಜೊತೆ ಇರುವುದು. ಹೆಂಡತಿ ಮೈಸೂರಿನ ಹುಡುಗಿ, ಇಬ್ಬರೂ ಕಂಪ್ಯೂಟರ್ ಕೆಲಸದವರು. ಅವರಿಗೆ ಗಂಡು ಮಗು ಹುಟ್ಟಿತು.

ಹುಡುಗಿ ಫೋನಿನಲ್ಲಿ ನೋಡಿ ಎರಡಕ್ಷರದ ಹೆಸರೊಂದನ್ನು ಆರಿಸಿಟ್ಟಿದ್ದಳು. ಕಾಕು ಒಪ್ಪಲಿಲ್ಲ. ಮನೆತನದಾಗ ಹುಟ್ಟಿದ ಮೊದಲನೇ ಮರಿಮೊಮ್ಮಗ, ನಮ್ಮನ್ನೆಲ್ಲ ಈ ಊರಿಗೆ ತಂದ ದೊಡ್ಡಾವ್ರ ಹೆಸರ ಇಡಬೇಕು ಅಂತ ಹಟ ಹಿಡಿದಳು. ದೊಡ್ಡಾವ್ರು ಅಂದರೆ ಅವಳ ಗಂಡನ ಅಜ್ಜ, ನನ್ನ ಮುತ್ತಜ್ಜ. ಬೀದರ್ ಕಡೆಯ ಹಳ್ಳಿಯಿಂದ ನಿಜಾಮರ ಕಾಲದಲ್ಲಿ ಹೈದರಾಬಾದಿಗೆ ಬಂದವರು. ಮನೆಯಲ್ಲಿ ಹೆಂಗಸರು, ಗಂಡಸರು, ಹಾಲಿನವರು ಎಲ್ಲರೂ ಅವರನ್ನು ದೊಡ್ಡಾವ್ರು ಅಂತಲೇ ಕರೆದು, ದೊಡ್ಡಾವ್ರು ಅಂತಲೇ ಅತ್ತು ಕಳಿಸಿದ್ದರು. ನಿಜವಾದ ಹೆಸರು ನಮಗ್ಯಾರಿಗೂ ಗೊತ್ತಿರಲಿಲ್ಲ.

"ಹೆಸರು ಏನಿತ್ತು ಕಾಕು?" ಅಂದೆ.

"ಅದನ್ನ ಹುಡುಕ್ರಿ ಅಂತನ ಹೇಳಾಕತ್ತೀನಿ," ಅಂದಳು.

ಮೈಸೂರಿನ ಹುಡುಗಿ ಒಳ್ಳೆಯವಳು, ಆದರೆ ಗಡುವು ಇಲ್ಲದೆ ಕೆಲಸ ಮಾಡಿ ಅಭ್ಯಾಸವಿಲ್ಲ. "ಮೊದಲನೇ ಹಲ್ಲು ಬರೋವರೆಗೆ ಕಾಯ್ತೀನಿ ಅಜ್ಜಿ. ಅಷ್ಟರಲ್ಲಿ ಸಿಗದಿದ್ರೆ ನಾನು ಆರಿಸಿದ್ದೇ," ಅಂದಳು. ಕೂಸಿಗೆ ಆಗ ಮೂರು ತಿಂಗಳು.

ಅಲ್ಲಿಯವರೆಗೆ ಅದು ಆಸ್ಪತ್ರೆಯ ಕಾಗದದಲ್ಲಿ ಬರೀ ಬೇಬಿ. ಲಸಿಕೆ ಹಾಕಿಸಲು ಹೋದಲ್ಲಿ ನರ್ಸಮ್ಮ ಬೇಬಿ ಅಂತ ಕೂಗಿದರೆ ಸಾಲಾಗಿ ಕೂತ ತಾಯಂದಿರೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತಿದ್ದರು. ಕೂಸು ಪಾಪ, ಯಾರು ಏನು ಕೂಗಿದರೂ ತನ್ನನ್ನೇ ಅಂದುಕೊಂಡು ತಿರುಗಿ ನೋಡಲು ಕಲಿಯಿತು. ಬೆಳಿಗ್ಗೆ ತಳ್ಳುಗಾಡಿಯವನು ಕೆಳಗಿನಿಂದ "ಉಲ್ಲಿಗಡ್ಡಾ" ಅಂತ ಕೂಗಿದರೆ ತೊಟ್ಟಿಲಲ್ಲಿ ಕೈಕಾಲು ಬಡಿದು ನಗುತ್ತಿತ್ತು. ಹೀಗೇ ಬಿಟ್ಟರೆ ನನ್ನ ಮಗ ಜೀವಮಾನವಿಡೀ ಈರುಳ್ಳಿಯ ಹೆಸರಿಗೆ ಓಗೊಡುತ್ತಾನೆ ಅಂತ ಹುಡುಗಿ ಕಣ್ಣೀರು ತಂದುಕೊಂಡಳು.

೨. ಟ್ರಂಕಿನ ಆಸ್ತಿ

ಕಾಕುವಿನ ಅಟ್ಟದ ಮೇಲೆ ಒಂದು ಹಳೆಯ ಟ್ರಂಕು. ಮನೆತನದ ಕಾಗದವೆಲ್ಲ ಅದರಲ್ಲೇ ಇದೆ ಅಂತ ನಾವು ಮಕ್ಕಳಾಗಿದ್ದಾಗಿನಿಂದ ಕೇಳಿದ್ದು. ಬೀಗದ ಕೈ ಕಳೆದಿತ್ತು, ಹೇಳಬೇಕಾಗಿಲ್ಲ. ಬೀಗ ರಿಪೇರಿಯವನು ಬಂದು ಒಂದು ಗಂಟೆ ಒದ್ದಾಡಿ, ಇಂಥ ಗಟ್ಟಿ ಬೀಗ ಈಗ ಯಾರೂ ಮಾಡುವುದಿಲ್ಲ ಅಂತ ಕೈಮುಗಿದು ತೆಗೆದ. ಒಳಗೆ ನೋಡಿದರೆ ತಳ ತುಕ್ಕು ಹಿಡಿದು ತೂತಾಗಿ, ಗೆದ್ದಲು ಕೆಳಗಿನಿಂದ ಬಂದು ನಾಲ್ಕು ತಲೆಮಾರನ್ನು ಪುಡಿ ಮಾಡಿ ಹೋಗಿತ್ತು. ಕಾವಲಿಗಿದ್ದ ಬೀಗ ಮಾತ್ರ ಕೆಲಸ ಬಿಟ್ಟಿರಲಿಲ್ಲ.

ಪುಡಿಯ ನಡುವೆ ಒಂದೇ ಒಂದು ಕಾಗದ ಉಳಿದಿತ್ತು. ಉರ್ದು ಬರಹ, ಕೆಂಪು ಮೊಹರು. ನಿಜಾಮರ ಫರ್ಮಾನೇ ಇರಬೇಕು ಅಂದ ಮೊಮ್ಮಗ. ಜಹಗೀರು ಕೊಟ್ಟಿರಬಹುದು ಅಂತ ನನಗೂ ಒಳಗೊಳಗೆ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಅದನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿಕೊಂಡು ಹಳೇ ಶಹರದಲ್ಲಿದ್ದ ನಿವೃತ್ತ ಉರ್ದು ಮಾಸ್ತರರ ಬಳಿ ಹೋದೆವು.

ಮಾಸ್ತರರು ಚಹಾ ತರಿಸಿ, ಭೂತಗನ್ನಡಿ ಒರೆಸಿ, ಬಹಳ ಹೊತ್ತು ಓದಿದರು. ಆಮೇಲೆ, ಇದು ಬರೆದವರು ದೊಡ್ಡ ಹಕೀಮರು, ಅಕ್ಷರ ನೋಡಿ ಎಷ್ಟು ಚಂದ, ಅಂದರು. ಮಲಬದ್ಧತೆಗೆ ಕೊಟ್ಟ ಔಷಧದ ಚೀಟಿ ಅದು. ರೋಗಿಯ ಹೆಸರಿದ್ದ ಮೂಲೆಯನ್ನು ಗೆದ್ದಲು ತಿಂದಿತ್ತು. ರೋಗವನ್ನು ಮುಟ್ಟಿರಲಿಲ್ಲ.

ಮನೆಗೆ ಬಂದು ಹೇಳಿದರೆ ಕಾಕು ಗಂಭೀರವಾಗಿ ತಲೆಯಾಡಿಸಿದಳು. "ಹಂಗಾರ ಅವರ ಕಾಗದನ ಖರೆ. ಭಾಳ ತ್ರಾಸ ಇತ್ತು ಅವರಿಗೆ."

ಕೂಸು ನಾಲ್ಕು ದಿನದಿಂದ ಹೊಟ್ಟೆ ಕಟ್ಟಿಕೊಂಡು ಅಳುತ್ತಿತ್ತು. ಹುಡುಗಿ ಅದರ ಮುಖವನ್ನೊಮ್ಮೆ, ಚೀಟಿಯನ್ನೊಮ್ಮೆ ನೋಡಿದಳು. "ಹೆಸರು ಸಿಗದಿದ್ರೆ ಬೇಡ ಅತ್ತೆ," ಅಂದಳು ನನಗೆ, "ವಂಶ ಅಂತೂ ಇದೇನೇ."

೩. ಮೂಸಿ ನದಿಯ ಕೆಲಸ

ಈ ಊರಿನಲ್ಲಿ ಯಾವ ಹಳೆಯ ಕಾಗದ ಕೇಳಿದರೂ ಒಂದೇ ಉತ್ತರ, ಮೂಸಿ ಹೊಳೆ ಬಂದು ಕೊಂಡೊಯ್ಯಿತು ಅಂತ. ನೂರು ವರ್ಷಕ್ಕೂ ಹಿಂದೆ ಬಂದ ಆ ಮಹಾಪೂರದ ಮೇಲೆ ಹೈದರಾಬಾದಿನವರು ಹಾಕಿದಷ್ಟು ಭಾರವನ್ನು ಪ್ರಪಂಚದ ಇನ್ಯಾವ ನದಿಯ ಮೇಲೂ ಹಾಕಿದ್ದನ್ನು ನಾನು ಕಂಡಿಲ್ಲ.

ಒಂದು ಹಳೆಯ ಕಚೇರಿಗೆ ಹೋದೆ. ಹೆಸರು ಬೇಡ, ಅಲ್ಲಿಯ ಗುಮಾಸ್ತರು ಸಭ್ಯರು. ನನಗೆ ಬೇಕಾದದ್ದು ಅಜ್ಜನ ಶಾಲೆಯ ದಾಖಲೆ. ತಂದೆಯ ಹೆಸರು ಅಂತ ಒಂದು ಕಾಲಂ ಇರುತ್ತದಲ್ಲ, ಅದು ಸಿಕ್ಕರೆ ಸಾಕಿತ್ತು. ಆ ಪುಸ್ತಕ ಇಲ್ಲ ಮೇಡಂ, ಮೂಸಿ, ಅಂದರು. ನಮ್ಮ ಅಜ್ಜ ಹುಟ್ಟಿದ್ದೇ ಪೂರ ಬಂದು ಹೋದ ಮೇಲೆ, ಅಂದೆ. ಅವರು ಸ್ವಲ್ಪವೂ ಅಳುಕದೆ, "ಮೂಸಿ ಒಂದೇ ಸಲ ಬರುತ್ತಾ ಮೇಡಂ? ಆಗಾಗ ಬರ್ತಾ ಇರುತ್ತೆ," ಅಂದರು ಹಿಂದಿಯಲ್ಲಿ.

ಸರಿ, ದಾಖಲೆ ಇಲ್ಲ ಅನ್ನುವುದನ್ನಾದರೂ ಬರೆದು ಕೊಡಿ, ಮನೆಯಲ್ಲಿ ಮುದುಕಿಗೆ ತೋರಿಸಿ ಹಟ ಬಿಡಿಸುತ್ತೇನೆ, ಅಂದೆ. ಅದಕ್ಕೆ ಒಂದು ಅರ್ಜಿ, ಅರ್ಜಿಗೆ ಇನ್ನೊಂದು ಕಿಟಕಿ, ಆ ಕಿಟಕಿಯವರು ಊಟಕ್ಕೆ ಹೋಗಿದ್ದರು. ಮೂರನೇ ದಿನ ಮೊದಲಿನ ಗುಮಾಸ್ತರೇ ಕರೆದು ಕೂರಿಸಿ, ಪೆನ್ನು ತೆಗೆದು, ಯಾರ ಹೆಸರು ಸಿಗುತ್ತಿಲ್ಲ ಅಂತ ಬರೆಯಲಿ ಎಂದು ಕೇಳಿದರು.

ನಮ್ಮ ಮುತ್ತಜ್ಜನದು, ಅಂದೆ.

"ಅದೇ ಮೇಡಂ. ಅವರ ಹೆಸರು ಹೇಳಿ. ಹೆಸರಿಲ್ಲದೆ, ಹೆಸರಿಲ್ಲ ಅಂತ ಹೇಗೆ ಬರೆದು ಕೊಡೋದು?"

೪. ಒಂದು ಆಳಿನಷ್ಟು ತೂತು

ನಮ್ಮ ಕಡೆ ಹೆಳವರು ಅಂತ ಇದ್ದಾರೆ. ಹಿಂದೆ ಎತ್ತಿನ ಮೇಲೆ ಊರೂರಿಗೆ ಬಂದು, ಅಂಗಳದಲ್ಲಿ ನಿಂತು, ಆ ಮನೆಯ ಏಳು ತಲೆಮಾರಿನ ಹೆಸರು ಹಾಡಿ ಕಾಳುಕಡಿ ಪಡೆದು ಹೋಗುತ್ತಿದ್ದರು. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಎಲ್ಲೆಲ್ಲಿಯ ಅರಮನೆಗಳಲ್ಲೋ ರಾಜರ ವಂಶವೃಕ್ಷ ತೋರಿಸಿ ಜನರನ್ನು ಬೆರಗು ಮಾಡಿದವಳಿಗೆ ನಮ್ಮದೇ ವಂಶ ಹಾಡುವವರ ನೆನಪು ಬರಲು ಎರಡು ತಿಂಗಳು ಬೇಕಾಯಿತು.

ಬೀದರ್ ಕಡೆ ಹತ್ತಾರು ಫೋನು ಮಾಡಿದ ಮೇಲೆ ಒಬ್ಬರು ಹೆಳವರು ಸಿಕ್ಕರು. ನಿಮ್ಮ ಮನೆತನ ನನ್ನ ಕಡೆ ಇಲ್ಲ ತಾಯಿ, ಅಂದರು. ಅಣ್ಣತಮ್ಮಂದಿರು ಪಾಲಾದಾಗ ಮನೆತನಗಳನ್ನೂ ಹಂಚಿಕೊಂಡರಂತೆ, ನಾವು ಅಣ್ಣನ ಪಾಲಿಗೆ ಹೋಗಿದ್ದೆವಂತೆ. ಅಣ್ಣ ಎಲ್ಲಿದ್ದಾರೆ ಅಂದರೆ, ನಿಮ್ಮ ಊರಾಗನ ಅದಾನಲ್ರಿ, ಶಂಶಾಬಾದಿನ್ಯಾಗ ಕಟ್ಟಡದ ಕೆಲಸಕ್ಕೆ, ಅಂದರು.

ಮೊಮ್ಮಗನನ್ನು ಕರೆದುಕೊಂಡು ಹೋದೆ. ಏಳುತ್ತಿರುವ ಕಟ್ಟಡದ ಎರಡನೇ ಅಂತಸ್ತಿನಿಂದ ಆ ಅಣ್ಣ ಇಳಿದು ಬಂದರು. ಐವತ್ತು ದಾಟಿದ ಆಳು, ತಲೆಗೆ ಹಳದಿ ಟೊಪ್ಪಿಗೆ, ಮೈತುಂಬ ಸಿಮೆಂಟು. ಊರ ಹೆಸರು, ಮನೆದೇವರ ಹೆಸರು ಕೇಳಿದ್ದೇ ತಡ, ಮುಖ ತೊಳೆದು, ಟೊಪ್ಪಿಗೆ ತೆಗೆದು, ಪೂರ್ವಕ್ಕೆ ತಿರುಗಿ ನಿಂತು ಹಾಡತೊಡಗಿದರು. ಮೇಲೆ ಸರಳು ಕಟ್ಟುತ್ತಿದ್ದವರು ಕೈ ನಿಲ್ಲಿಸಿ ಕೇಳಿದರು. ಯಾರು ಬಾವಿ ತೋಡಿಸಿದರು, ಯಾರು ಎರಡು ಮದುವೆಯಾದರು, ಯಾರು ಹುಲಿ ಹೊಡೆದೆನೆಂದು ಸುಳ್ಳು ಹೇಳಿ ಸಿಕ್ಕಿಬಿದ್ದರು, ಎಲ್ಲ ಬಂತು. ಏಳನೆಯವರ ಹೆಸರು ಹೇಳಿ, "ಅವರಿಗೆ ಮಗ ಒಬ್ಬ, ಪಟ್ಟಣಕ್ಕ ಹ್ವಾದ," ಅಂತ ಹಾಡು ನಿಲ್ಲಿಸಿಬಿಟ್ಟರು.

"ಆ ಮಗನ ಹೆಸರು?" ಅಂದೆ.

"ನಮ್ಮ ಮುತ್ಯಾ ಊರಿಗೆ ಬರೂದ್ರಾಗ ಅವರು ಊರ ಬಿಟ್ಟು ಹೋಗಿಬಿಟ್ಟಿದ್ರು. ಕೇಳಾಕ ಯಾರ ಇದ್ರು ಹೇಳ್ರಿ?"

ಮೇಲೆ ಏಳು ತಲೆಮಾರು ಅವರ ಬಾಯಲ್ಲಿತ್ತು. ಕೆಳಗಿನ ನಾಲ್ಕು ತಲೆಮಾರು ನಮ್ಮ ತಲೆಯಲ್ಲಿತ್ತು. ನಡುವೆ ಸರಿಯಾಗಿ ಒಬ್ಬ ಮನುಷ್ಯನ ಅಳತೆಯ ತೂತು.

ಹೊರಡುವಾಗ ಅವರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪುಸ್ತಕ ತೆಗೆದರು. ನಿಮ್ಮ ಮನೆತನ ಮತ್ತ ಸಿಕ್ಕಿತು, ಮುಂದಿನದರ ಬರಕೋತೀನಿ, ಅಂತ ಬಹಳ ಪ್ರೀತಿಯಿಂದ ಪೆನ್ನಿನ ಮುಚ್ಚಳ ಬಿಚ್ಚಿ ಮೊಮ್ಮಗನ ಕಡೆ ನೋಡಿದರು. "ಹೇಳ್ರಿ ಸಾಹೇಬ್ರ, ಕೂಸಿನ ಹೆಸರೇನು?"

೫. ಹಲ್ಲು ಬಂತು

ಏಳನೇ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಕೂಸಿಗೆ ಗಂಜಿ ತಿನ್ನಿಸುವಾಗ ಚಮಚ ಟಣ್ ಅಂದಿತು. ಹುಡುಗಿ ನಿಧಾನವಾಗಿ ಬಾಯಿ ತೆರೆದು ನೋಡಿ, ನಮ್ಮೆಲ್ಲರ ಕಡೆ ತಿರುಗಿ, "ಕ್ಷಮಿಸಿ ಅಜ್ಜಿ," ಅಂದಳು. ಫೋನು ಕೈಗೆತ್ತಿಕೊಂಡು ಜನನ ಪತ್ರದ ಅರ್ಜಿ ತೆರೆದಳು. ಎರಡಕ್ಷರದ ಹೆಸರಿನ ಮೊದಲಕ್ಷರ ಒತ್ತಿಯೂ ಆಯಿತು.

ಆಗ ಕಾಕು ಅಳತೊಡಗಿದಳು. ಗಂಡ ಹೋದಾಗಲೂ ಹೀಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಹದಿನೈದು ವರ್ಷಕ್ಕ ಸೊಸಿಯಾಗಿ ಬಂದೆ, ಅಂದಳು. ಮದುವೆಯ ದಿನವೇ ಅವಳ ಹೆಸರು ಬದಲಿಸಿ ಹೊಸ ಹೆಸರಿಟ್ಟಿದ್ದರಂತೆ, ಆಗಿನ ಪದ್ಧತಿ. ಯಾರೋ ಕರೆದರೆ ಯಾರನ್ನೋ ಕರೆದಂತೆ ಅನ್ನಿಸಿ ಸುಮ್ಮನೆ ನಿಂತಿರುತ್ತಿದ್ದಳಂತೆ, ಕಿವುಡಿ ಅಂತ ಬೈಸಿಕೊಳ್ಳುತ್ತಿದ್ದಳಂತೆ. ಇಡೀ ಮನೆಯಲ್ಲಿ ದೊಡ್ಡಾವ್ರು ಒಬ್ಬರೇ ಅವಳನ್ನು ತವರಿನ ಹೆಸರಿನಿಂದ ಕರೆಯುತ್ತಿದ್ದರು, ಸಾಯುವ ತನಕ. "ಅವರ ಹೆಸರ ಒಮ್ಮೆರ ಈ ಮನ್ಯಾಗ ಕೇಳಬೇಕಂತ ಆಶಾ ಇತ್ತು."

ನನಗೆ ಆಗ ಹೊಳೆಯಿತು. "ಕಾಕು, ಹೆಸರು ನಿನಗೆ ಗೊತ್ತೇನು?"

"ಗೊತ್ತಿಲ್ಲ ಅಂತ ನಾ ಯಾವಾಗ ಅಂದೆ?"

ಮೊಮ್ಮಗ ಕುರ್ಚಿಯಲ್ಲಿ ಕುಸಿದ. ನಾಲ್ಕು ತಿಂಗಳು, ಹಕೀಮರು, ಮೂಸಿ, ಶಂಶಾಬಾದು ಎಲ್ಲ ಅವನ ಮುಖದ ಮೇಲೆ ಹಾದುಹೋದವು.

"ಗಂಡನ ಅಜ್ಜನ ಹೆಸರ ಹೆಂಗಸರು ಹ್ಯಾಂಗ ಹೇಳೂದು?" ಅಂದಳು ಕಾಕು, ನಮಗೇ ನಾಚಿಕೆಯಾಗಬೇಕು ಅನ್ನುವಂತೆ. "ನೀವು ಕಲಿತಾವ್ರು, ಕಾಗದದಾಗ ಸಿಗತೈತಿ ಅನಕೊಂಡೆ."

ಬರೆದು ತೋರಿಸು ಅಂದರೆ ಅವಳಿಗೆ ಸಹಿ ಬಿಟ್ಟು ಬೇರೆ ಬರೆಯಲು ಬಾರದು. ಸನ್ನೆಯಾದರೂ ಮಾಡು ಅಂದೆ. ಕಾಕು ಕೋಣೆಯ ನಾಲ್ಕೂ ಕಡೆ ನೋಡಿದಳು, ಬೇಕಾದದ್ದು ಕಾಣಲಿಲ್ಲ. ಎದ್ದು, ಕೋಲು ಹಿಡಿದು, ಲಿಫ್ಟಿನ ಕಡೆ ನಡೆದಳು. ಮೊಮ್ಮಗ, ಹುಡುಗಿ, ಹುಡುಗಿಯ ಸೊಂಟದ ಮೇಲೆ ಕೂಸು, ಹಿಂದೆ ನಾನು. ಕೆಳಗೆ ಕಾರು ನಿಲ್ಲಿಸುವ ಜಾಗಕ್ಕೆ ಬಂದು ಒಂದು ದೊಡ್ಡ ಕಂಬದ ಮುಂದೆ ನಿಂತು, ಅದಕ್ಕೆ ಕೋಲಿನಿಂದ ಎರಡು ಸಲ ಬಡಿದಳು.

ವಾಚ್‌ಮನ್ ಓಡಿ ಬಂದ. ಬಿಳಿ ಮೀಸೆಯವ, ಯಾದಗಿರಿಗುಟ್ಟದ ಕಡೆಯವನು. ಆ ಕಂಬಕ್ಕೆ ಯಾರೋ ಕಾರು ತಾಗಿಸಿ ಬಣ್ಣ ಕಿತ್ತಿದ್ದರು. ಅದು ತನ್ನ ಪಾಳಿಯಲ್ಲಿ ಆದದ್ದಲ್ಲ ಅಂತ ತೆಲುಗಿನಲ್ಲಿ ಆಣೆ ಹಾಕತೊಡಗಿದ.

ಕಂಬಣ್ಣ, ಅಂದ ಮೊಮ್ಮಗ. ಕಾಕು ಅಲ್ಲ ಅಂದಳು. ಕಲ್ಲಪ್ಪ, ಅಂದೆ. ಅಲ್ಲ. ಕಾಕು ಕೋಲನ್ನು ನನಗೆ ಕೊಟ್ಟು, ಹತ್ತೂ ಬೆರಳು ಬಾಗಿಸಿ, ಕಣ್ಣು ಅರಳಿಸಿ, ನಾಲಿಗೆ ಹೊರಗೆ ಚಾಚಿದಳು. ಬೆಕ್ಕಾ ಅಜ್ಜಿ, ಅಂದಳು ಹುಡುಗಿ. ಕಾಕುವಿಗೆ ರೇಗಿತು. ಮೊಮ್ಮಗನ ಹೊಟ್ಟೆಗೆ ಉಗುರು ಹಾಕಿ ಸೀಳುವಂತೆ ಮಾಡಿ, ಕರುಳು ತೆಗೆದು ಕೊರಳಿಗೆ ಹಾಕಿಕೊಂಡಳು. ಕೂಸು ಕಿಲಕಿಲ ನಕ್ಕಿತು. ಮೂವರು ವಿದ್ಯಾವಂತರು ಬಾಯಿ ಬಿಟ್ಟು ನಿಂತಿದ್ದೆವು.

"ಅಯ್ಯೋ, ನರಸಿಂಹಸ್ವಾಮಿ ಕದಮ್ಮಾ," ಅಂದ ವಾಚ್‌ಮನ್, ಎರಡೂ ಕೈ ಜೋಡಿಸಿ.

ಕಾಕು ಸರಕ್ಕನೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಗೋಡೆಯ ಕಡೆ ಸರಿದು, ತಲೆ ತಗ್ಗಿಸಿ ನಿಂತಳು. ಹಿರಿಯರು ಆ ಕಾರುಗಳ ನಡುವೆ ನಡೆದು ಬಂದರೇನೋ ಅನ್ನುವಂತೆ. ಹುಡುಗಿ ಫೋನಿನಲ್ಲಿ ಬರೆದಿದ್ದನ್ನು ಅಳಿಸಿ, ಹೊಸದಾಗಿ ನರಸಿಂಹ ಅಂತ ತುಂಬಿದಳು.

ಈಗ ಕೂಸಿಗೆ ಒಂದೂವರೆ ವರ್ಷ. ಜನನ ಪತ್ರದಲ್ಲಿ ಹೆಸರಿದೆ, ಶಂಶಾಬಾದಿನ ಹೆಳವರ ಪುಸ್ತಕದಲ್ಲಿ ತೂತು ಮುಚ್ಚಿ ಕೊನೆಯವರೆಗೂ ಹೆಸರಿದೆ. ಆದರೆ ಮನೆಯಲ್ಲಿ ಯಾರಾದರೂ ಆ ಹೆಸರು ಹಿಡಿದು ಕರೆದರೆ ಕಾಕು, ಊಟಕ್ಕೆ ಕೂತಿರಲಿ, ಮಲಗಿರಲಿ, ಕೋಲು ಹುಡುಕಿ ಎದ್ದು, ಸೆರಗು ಹೊದ್ದು, ಗೋಡೆಗೆ ಸರಿದು ನಿಲ್ಲುತ್ತಾಳೆ. ಬೇಡ ಅಂದರೆ ಕೇಳುವುದಿಲ್ಲ. ಮೊದಲ ವಾರವೇ ಮೊಣಕಾಲು ಬಾತು, ಡಾಕ್ಟರು ಮನೆಗೆ ಬಂದು, ಏನು ವ್ಯಾಯಾಮ ಮಾಡಿಸುತ್ತಿದ್ದೀರಿ ಅಂತ ನಮ್ಮನ್ನೇ ಬೈದು ಹೋದರು. ಅಂದಿನಿಂದ ಎಲ್ಲರೂ ಬೇಬಿ ಅಂತಲೇ ಕರೆಯುತ್ತೇವೆ. ಕೂಸನ್ನು ಮುತ್ತಜ್ಜನ ಹೆಸರಿನಿಂದ ಕೂಗುವವನು ಇಡೀ ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಒಬ್ಬನೇ, ಅದೂ ಕೆಳಗೆ, ಕಂಬದ ಹತ್ತಿರ, ಕಾಕುವಿಗೆ ಕೇಳದ ಹಾಗೆ.