ಅಗಲ ಸಾಲದ ಏಣಿ

ಇಷ್ಟಕ್ಕೆಲ್ಲ ಕಾರಣ ಅಧ್ಯಕ್ಷರ ಮೂಗು. ಆ ಮೂಗು ಆವತ್ತು ನೆಟ್ಟಗಿದ್ದಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಆದರೆ ಅದಕ್ಕೆ ಮೊದಲೇ ನೆಗಡಿ, ಅದರ ಮೇಲೆ ಮೂರು ದಿನದ ಅಳು.

ಅಧ್ಯಕ್ಷರು ಎಂದರೆ ಏಣಿ ಅಭಿಮಾನಿಗಳ ಸಂಘದ ಅಧ್ಯಕ್ಷರು. ಏಣಿ ಎಂದರೆ ಗೋಡೆಗೆ ಒರಗಿಸುವ ಏಣಿಯಲ್ಲ, ಬಾಸ್ಕೆಟ್‌ಬಾಲ್ ಆಟಗಾರ. ಆರಡಿ ಒಂಬತ್ತು ಅಂಗುಲ ಎತ್ತರ. ಪಕ್ಕದಿಂದ ನೋಡಿದರೆ ಇದ್ದಾನೋ ಇಲ್ಲವೋ ಎಂಬಷ್ಟು ತೆಳುವು. ಆಟ ಬಿಟ್ಟು ಹದಿನೈದು ವರ್ಷವಾಗಿತ್ತು. ಆಮೇಲೆ ಅವನನ್ನು ಹೊರಗೆ ಕಂಡವರಿಲ್ಲ. ಮೂರು ದಿನದ ಹಿಂದೆ ಅವನು ತೀರಿಕೊಂಡ ಸುದ್ದಿ ಬಂದದ್ದೇ ತಡ, ಊರಿಗೆ ಊರೇ ಕೈಲಿದ್ದ ಕೆಲಸ ಬಿಟ್ಟು ಬೀದಿಗೆ ಬಂದಿತ್ತು. ಮನೆಯವರು ಸದ್ದಿಲ್ಲದೆ ಅಂತ್ಯಕ್ರಿಯೆ ಮುಗಿಸಿಬಿಟ್ಟಿದ್ದರು. ಕೊನೆಯ ಸಲ ಮುಖ ನೋಡಲೂ ಸಿಗಲಿಲ್ಲವಲ್ಲ ಎಂದು ಜನ ಬಾಯಿ ಬಡಿದುಕೊಂಡಾಗ, ಸಂಘದವರು ಕ್ರೀಡಾಂಗಣದಲ್ಲಿ ಸಂಜೆ ಐದಕ್ಕೆ ಸ್ಮರಣೆಯ ಸಭೆ ಗೊತ್ತು ಮಾಡಿದರು. ಅದರ ಬ್ಯಾನರಿನ ಕೆಲಸ ಗಿಡ್ಡಣ್ಣನಿಗೆ ಬಂತು.

ಗಿಡ್ಡಣ್ಣನದು ಒಂದು ಕೋಣೆಯ ಫ್ಲೆಕ್ಸ್ ಅಂಗಡಿ. ಒಂದು ಕಂಪ್ಯೂಟರು, ಗೋಡೆಯುದ್ದದ ಒಂದು ಪ್ರಿಂಟರು, ಅವೆರಡರ ನಡುವೆ ಅವನೊಬ್ಬ ಹಿಡಿಸುವಷ್ಟು ಜಾಗ. ಅವನ ಎತ್ತರ ನಾಲ್ಕಡಿ ಹನ್ನೊಂದು ಅಂಗುಲ. “ಐದಡಿ ಅನ್ರೀ, ಒಂದಂಗುಲಕ್ಕೆ ಯಾಕೆ ಜಿಪುಣತನ?” ಎಂದು ತಾನೇ ಹೇಳಿಕೊಳ್ಳುತ್ತಿದ್ದ. ಏಣಿ ಎಂದರೆ ಅವನಿಗೆ ಎಂಥ ಹುಚ್ಚೆಂದರೆ, ತನ್ನ ಮದುವೆಯ ದಿನವನ್ನು ಪಂದ್ಯಗಳ ಪಟ್ಟಿ ಮುಂದಿಟ್ಟುಕೊಂಡು ಗೊತ್ತು ಮಾಡಿದ್ದ. ಹುಡುಗಿಯ ಕಡೆಯವರು ಅದನ್ನು ಇವತ್ತಿಗೂ ಮರೆತಿಲ್ಲ.

ಆದರೆ ಹಣೆಬರಹ ನೋಡಿ. ಇಪ್ಪತ್ತೆರಡು ವರ್ಷದ ಹಿಂದಿನ ಆ ದೊಡ್ಡ ಫೈನಲ್‌ನಲ್ಲಿ ನಮ್ಮವರು ಒಂದು ಪಾಯಿಂಟು ಹಿಂದಿದ್ದರು, ಉಳಿದಿದ್ದದ್ದು ಒಂದೇ ಸೆಕೆಂಡು. ಏಣಿ ಅರ್ಧ ಮೈದಾನದಾಚೆಯಿಂದ ಚೆಂಡೆಸೆದು ಬುಟ್ಟಿಗೆ ಹಾಕಿದ. ಗಿಡ್ಡಣ್ಣ ಅಲ್ಲೇ ಇದ್ದ. ಸರಿಯಾಗಿ ಆ ಸೆಕೆಂಡಿಗೆ ಅವನ ಮುಂದಿದ್ದ ಒಬ್ಬ ಆನೆಯಂಥ ಮನುಷ್ಯ ಎದ್ದು ನಿಂತ. ಮೂವತ್ತು ಸಾವಿರ ಜನ ಕಂಡದ್ದನ್ನು ಗಿಡ್ಡಣ್ಣನೊಬ್ಬ ಕಾಣಲಿಲ್ಲ.

ಟೀವಿಯವರು ಆವತ್ತು ಬಂದಿರಲಿಲ್ಲ. ಏಣಿಯ ಭಾವಮೈದುನ ತೆಗೆದ ಒಂದೇ ಒಂದು ವಿಡಿಯೊ ಕ್ಯಾಸೆಟ್ಟು ಅವರ ಮನೆಯಲ್ಲಿತ್ತು. ಅದನ್ನು ಏಣಿಯ ಹೆಂಡತಿ ಈ ಸಭೆಗೆ ತರುತ್ತಾರೆ, ಒಂದೇ ಸಲ ಹಾಕಿಸುತ್ತಾರೆ, ಆಮೇಲೆ ಮತ್ತೆಂದೂ ಯಾರಿಗೂ ಕೊಡುವುದಿಲ್ಲ ಎಂದು ಸುದ್ದಿಯಾಗಿತ್ತು. ಅಧ್ಯಕ್ಷರು ಗಿಡ್ಡಣ್ಣನಿಗೆ ಮಾತು ಕೊಟ್ಟಿದ್ದರು: “ಬ್ಯಾನರ್ ನಾಲ್ಕೂವರೆಗೆ ತಪ್ಪಿಲ್ಲದೆ ಬರ್ಲಿ. ಮೊದಲನೇ ಸಾಲು, ಸರಿಯಾಗಿ ನಡುವೆ, ನಿನಗೊಂದು ಕುರ್ಚಿ. ನಿನ್ನ ಮುಂದೆ ಒಂದು ನೊಣಾನೂ ಕೂರಲ್ಲ.”

ಇಪ್ಪತ್ತೆರಡು ವರ್ಷದ ಹಸಿವು! ಗಿಡ್ಡಣ್ಣ ಬೆಳಗಿನ ತಿಂಡಿಯನ್ನೂ ಬಿಟ್ಟು ಕೂತ. ಏಣಿ ಎರಡೂ ಕೈ ಮೇಲೆತ್ತಿ ಹಾರಿದ ಚಿತ್ರ ಆರಿಸಿದ. ಎಂಟಡಿ ಎತ್ತರ, ನಾಲ್ಕಡಿ ಅಗಲ. ಕೆಳಗೆ “ನಮ್ಮನ್ನಗಲಿದ ನಮ್ಮ ಏಣಿ” ಎಂದು ಬರೆಯಲು ಹೋದ. ದಿನಕ್ಕೆ ನಾಲ್ಕು ಶ್ರದ್ಧಾಂಜಲಿ ಫ್ಲೆಕ್ಸು ಮಾಡುವ ಕೈ ಅದು, ಕಣ್ಣು ಮುಚ್ಚಿ ಟೈಪು ಮಾಡುತ್ತದೆ. ಇವತ್ತು ಮಾತ್ರ ಆ ಮೊದಲ ಪದ ಪರದೆಯ ಮೇಲೆ ಮೂಡಿದಾಗ ಅವನಿಗೆ ನೋಡಲಾಗಲಿಲ್ಲ. ಅಳಿಸಿಬಿಟ್ಟ. ಬರೀ “ನಮ್ಮ ಏಣಿ” ಎಂದಷ್ಟೇ ಉಳಿಸಿ, ಅಧ್ಯಕ್ಷರ ಫೋನಿಗೆ ಕಳಿಸಿದ.

ಹತ್ತು ನಿಮಿಷಕ್ಕೆ ಅಧ್ಯಕ್ಷರು ತಮ್ಮ ದನಿಯಲ್ಲೇ ರೆಕಾರ್ಡ್ ಮಾಡಿ ಕಳಿಸಿದ ಉತ್ತರ ಬಂತು. ಅಂಗಡಿಯ ಬಾಗಿಲಲ್ಲಿ ಆಗ ಇನ್ನಿಬ್ಬರಿದ್ದರು. ಒಬ್ಬರು ಪಕ್ಕದಂಗಡಿಯ ಜೆರಾಕ್ಸ್ ಅಕ್ಕ. ತಮ್ಮ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಗಿಡ್ಡಣ್ಣನ ಅಂಗಡಿಯ ಉಸ್ತುವಾರಿ ಅವರದೇ. ಇನ್ನೊಬ್ಬರು ರಿಟೈರಾದ ಡ್ರಾಯಿಂಗ್ ಮೇಷ್ಟ್ರು. ಪೇಪರ್ ಓದಲು ಬಂದವರು ಮಧ್ಯಾಹ್ನದ ಊಟದವರೆಗೆ ಏಳುವುದಿಲ್ಲ. ಮೂವರೂ ಕಿವಿಗೊಟ್ಟರು.

“ನೋಡ್ದೆ ಕಣಯ್ಯಾ. ಫೋಟೋ ಚೆನ್ನಾಗಿದೆ. ಆದ್ರೆ ಅಗಲಿ—” ಇಲ್ಲಿ ಅಧ್ಯಕ್ಷರು ಮೂಗು ಸೀಟಿದರು. ಬಸ್ಸಿನ ಹಾರನ್ನಿನಂಥ ಸದ್ದು. “—ಇಲ್ವಲ್ಲೋ! ಅಗಲಿ—” ಇನ್ನೊಂದು ಬಸ್ಸು ಹೋಯಿತು. “—ಬೇಕೇ ಬೇಕು. ಅದಿಲ್ದೆ ಜನ ಒಪ್ಪಲ್ಲ.”

“ಅಗಲ ಇಲ್ವಂತೆ,” ಅಂದರು ಅಕ್ಕ.

“ನಾನು ಆಗಲೇ ಅಂದ್ಕೊಂಡೆ,” ಅಂದರು ಮೇಷ್ಟ್ರು. “ಚಿತ್ರಕ್ಕೆ ಎತ್ತರ ಇದೆ, ಅಗಲ ಸಾಲ್ದು.”

“ಮೇಷ್ಟ್ರೇ, ಅವರು ಇದ್ದದ್ದೇ ಹಾಗಲ್ವಾ? ಏಣಿಗೆ ಅಗಲ ಎಲ್ಲಿಂದ ತರ್ಲಿ?”

“ಅಧ್ಯಕ್ಷರಿಗಿಂತ ನಿನಗೆ ಜಾಸ್ತಿ ಗೊತ್ತೇನೋ?” ಅಂದರು ಮೇಷ್ಟ್ರು. “ಅವರು ಕೇಳಿದ್ದು ಮಾಡು. ಕುರ್ಚಿ ಬೇಕೋ ಬೇಡ್ವೋ?”

ಕುರ್ಚಿ ಎಂದೊಡನೆ ಗಿಡ್ಡಣ್ಣನ ಕೈ ಮೌಸಿನ ಮೇಲೆ ತಾನಾಗಿ ಹೋಯಿತು. ಚಿತ್ರದ ಅಂಚು ಹಿಡಿದು ಎಳೆದ. ನಾಲ್ಕಡಿ ಆರಾಯಿತು. ಏಣಿ ಮಾವನ ಮನೆಯಲ್ಲಿ ಆರು ತಿಂಗಳು ಕೂತು ಉಂಡ ಅಳಿಯನಂತಾದ.

ಗಿಡ್ಡಣ್ಣನಿಗೆ ಸಮಾಧಾನವಾಗಲಿಲ್ಲ. ಅಧ್ಯಕ್ಷರಿಗೆ ಫೋನು ಹಚ್ಚಿದರೆ ಎಂಗೇಜು. ಕೊನೆಗೆ, “ಮಾಡಿದ್ದೀನಿ ಸಾರ್, ಇಷ್ಟು ಸಾಕಾ?” ಎಂದು ಹೇಳಿ ಹೊಸ ಚಿತ್ರ ಕಳಿಸಿದ. ಕ್ರೀಡಾಂಗಣದಲ್ಲಿ ಕುರ್ಚಿ ಎಣಿಸುತ್ತಿದ್ದ ಅಧ್ಯಕ್ಷರು ಚಿತ್ರ ನೋಡುವ ಗೋಜಿಗೆ ಹೋಗಲಿಲ್ಲ. “ಸಾಕು ಅನ್ನೋ ಮಾತೇ ಇಲ್ಲ ಕಣಯ್ಯಾ! ಅವರ ಅಗಲಿ—” ಈ ಸಲ ಬಸ್ಸಲ್ಲ, ಲಾರಿ. “—ಎಷ್ಟು ದೊಡ್ಡದು ಅಂತ ನಿನಗೇ ಗೊತ್ತಲ್ಲ! ಎಷ್ಟು ಮಾಡಿದ್ರೂ ಕಡಿಮೆನೇ!”

“ಕೇಳಿದ್ಯಾ?” ಅಂದರು ಅಕ್ಕ. “ಇನ್ನೂ ಎಳಿ.”

ಆರು ಎಂಟಾಯಿತು. ಏಣಿಯ ಕತ್ತು ಮಾಯವಾಯಿತು. ಕೈಯಲ್ಲಿದ್ದ ಚೆಂಡು ಕುಂಬಳಕಾಯಿಯಾಯಿತು. ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾರೆ ಮಾಡಿ ನೋಡಿ, “ಈಗ ತೂಕ ಬಂತು,” ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಗಿಡ್ಡಣ್ಣ ಕಣ್ಣು ಮುಚ್ಚಿ ಪ್ರಿಂಟು ಕೊಟ್ಟ.

ನಾಲ್ಕೂಕಾಲಿಗೆ ಸುರುಳಿ ಹೆಗಲೇರಿತು. ಮುಂದೆ ಅಕ್ಕ ದಾರಿ ಬಿಡಿಸುತ್ತ, ನಡುವೆ ಗಿಡ್ಡಣ್ಣ, ಹಿಂದೆ ಸುರುಳಿಯ ಬಾಲ ಹಿಡಿದು ಮೇಷ್ಟ್ರು. ಕ್ರೀಡಾಂಗಣದ ಬಾಗಿಲಲ್ಲಿ ಜನ ಜೇನುಹುಳುವಿನಂತೆ ಮುತ್ತಿದ್ದರು. ಅಜ್ಜಂದಿರು, ಹೆಂಗಸರು, ಆಸ್ಪತ್ರೆಯ ನರ್ಸುಗಳು, ಎಲ್ಲರ ಮೈಮೇಲೂ ಏಣಿಯ ನಂಬರಿನ ಬನಿಯನ್ನು. “ಏಣಿ! ಏಣಿ!” ಎಂಬ ಕೂಗಿಗೆ ಗೋಡೆ ನಡುಗುತ್ತಿತ್ತು. ಒಬ್ಬ ಅಜ್ಜ ಸಿಕ್ಕಸಿಕ್ಕವರಿಗೆ ಆ ಕೊನೆಯ ಎಸೆತವನ್ನು ಮಾಡಿ ತೋರಿಸುತ್ತಿದ್ದ. ಗಿಡ್ಡಣ್ಣ ಗಡಿಯಾರ ನೋಡಿಕೊಂಡ. ಇನ್ನೇನು, ಅರ್ಧ ಗಂಟೆ!

ವೇದಿಕೆಯ ನಡುವೆ ಸಿನಿಮಾದ ಪರದೆ, ಅದರ ಪಕ್ಕದಲ್ಲೇ ಬ್ಯಾನರಿಗೆಂದು ನಾಲ್ಕಡಿ ಅಂತರಕ್ಕೆ ನೆಟ್ಟ ಎರಡು ಕಂಬ. ಸುರುಳಿ ಬಿಚ್ಚಿದರು. ಅಧ್ಯಕ್ಷರು ಕರವಸ್ತ್ರ ಮೂಗಿನ ತನಕ ತಂದವರು ಅಲ್ಲೇ ನಿಲ್ಲಿಸಿದರು.

“ಇದ್ಯಾರಯ್ಯಾ?”

“ಏಣಿ ಸಾರ್.”

“ಏಣಿನಾ? ಇದು ಮೇಜು ಕಣೋ!”

“ನೀವೇ ತಾನೇ ಸಾರ್ ಅಗಲ ಬೇಕು ಅಂದಿದ್ದು?”

“ಅಗಲ ಅಲ್ವೋ ಪುಣ್ಯಾತ್ಮ, ಅಗಲಿದ! ನಮ್ಮನ್ನು ಅಗಲಿದ! ಅವರ ಅಗಲಿಕೆ ದೊಡ್ಡದು ಅಂದ್ರೆ ಹೊಟ್ಟೆ ದೊಡ್ಡದು ಮಾಡ್ಕೊಂಡು ಬಂದಿದ್ದೀಯಲ್ಲೋ! ಹೋಗಲಿ, ಸತ್ತಿದ್ದಾರೆ ಅಂತಾನಾದ್ರೂ ಬರ್ದಿದ್ದೀಯಾ? ನೋಡಿದವರು ಚುನಾವಣೆಗೆ ನಿಂತಿದ್ದಾರೆ ಅಂದ್ಕೋತಾರೆ!”

ಗಿಡ್ಡಣ್ಣ ಸಹಾಯಕ್ಕೆಂದು ಹಿಂದೆ ತಿರುಗಿದ. ಮೇಷ್ಟ್ರು ಆಗಲೇ ಪಕ್ಕದವರಿಗೆ, “ನಾನು ಬೇಡ ಬೇಡ ಅಂದೆ, ನನ್ನ ಮಾತು ಎಲ್ಲಿ ಕೇಳ್ತಾನೆ?” ಎನ್ನುತ್ತಿದ್ದರು. ಅಕ್ಕ ಚಾವಣಿಯ ಫ್ಯಾನು ಎಣಿಸುತ್ತಿದ್ದರು.

“ನಿನ್ನ ಕುರ್ಚಿ ಕ್ಯಾನ್ಸಲ್!” ಅಂದರು ಅಧ್ಯಕ್ಷರು.

ಗಿಡ್ಡಣ್ಣ ಮೊದಲನೇ ಸಾಲಿನ ಆ ಕುರ್ಚಿಯತ್ತ ನೋಡಿದ. ಅಷ್ಟರಲ್ಲಿ ಸಭೆಯಲ್ಲಿ ಒಮ್ಮೆಲೇ ಸದ್ದಡಗಿತು. ಏಣಿಯ ಹೆಂಡತಿ ಕ್ಯಾಸೆಟ್ಟಿನ ಡಬ್ಬವನ್ನು ಎದೆಗವಚಿಕೊಂಡು ಬಾಗಿಲಿಂದ ಬರುತ್ತಿದ್ದರು. ಅಧ್ಯಕ್ಷರು ಧಡಕ್ಕನೆ ಎರಡೂ ಕೈ ಚಾಚಿ ಬ್ಯಾನರಿಗೆ ಅಡ್ಡ ನಿಂತರು. ಆದರೆ ಈಗ ಅಗಲ ಸಾಲದಾದದ್ದು ಅಧ್ಯಕ್ಷರಿಗೆ. ಅವರ ಎಡಗಡೆಯಿಂದ ಏಣಿಯ ಒಂದು ಕೆನ್ನೆ, ಬಲಗಡೆಯಿಂದ ಇನ್ನೊಂದು ಕೆನ್ನೆ ಇಣುಕುತ್ತಿದ್ದವು.

“ಸ್ವಲ್ಪ ಸರೀರಿ,” ಅಂದರು ಆಕೆ.

ಅಧ್ಯಕ್ಷರು ಸರಿದರು. ಆಕೆ ನೋಡಿದರು. ಸೆರಗು ಬಾಯಿಗೆ ಒತ್ತಿಕೊಂಡರು. ಹೆಗಲು ಕುಲುಕತೊಡಗಿತು. ಅಯ್ಯೋ, ಮುಗಿಯಿತು ನನ್ನ ಕತೆ, ಸತ್ತ ದೇವರ ಹೆಂಡತಿಯನ್ನು ಅಳಿಸಿದ ಪಾಪ ತಟ್ಟಿತು ಎಂದು ಗಿಡ್ಡಣ್ಣ ಕಣ್ಣು ಮುಚ್ಚಿಕೊಂಡ.

ಆಕೆ ನಗುತ್ತಿದ್ದರು. ಕಣ್ಣಲ್ಲಿ ನೀರು ಧಾರಾಕಾರ ಸುರಿಯುತ್ತಿತ್ತು, ಆದರೂ ನಗುತ್ತಿದ್ದರು.

“ಇವರೇ! ಇವರೇ ನಮ್ಮನೆಯವರು!” ಎಂದರು ಮೈಕಿನ ಹತ್ತಿರ ನಿಂತು. “ಆಟ ಬಿಟ್ಟ ಮೇಲೆ ಹೀಗೇ ಆಗ್ಬಿಟ್ಟಿದ್ರು, ಇದೇ ಕೆನ್ನೆ, ಇದೇ ಹೊಟ್ಟೆ. ಹೊರಗೆ ಬನ್ನಿ ಅಂದ್ರೆ, ‘ಜನ ಏಣಿ ನೋಡೋಕೆ ಬರ್ತಾರೆ ಕಣೇ, ನನ್ನ ನೋಡಿ ನಗ್ತಾರೆ’ ಅಂತ ಹದಿನೈದು ವರ್ಷ ಬಾಗಿಲು ಹಾಕ್ಕೊಂಡು ಕೂತ್ರು. ಹೀಗಿದ್ರೂ ನೀವು ಬೇಕು ಅನ್ನೋ ಜನ ಇದ್ದಾರೆ ಅಂತ ಅವರಿಗೆ ಗೊತ್ತಾಗ್ಲೇ ಇಲ್ಲ.”

ನರ್ಸುಗಳು ಕಣ್ಣೊರೆಸಿಕೊಂಡರು. ಆಮೇಲೆ ಆ ಎಸೆತದ ಅಜ್ಜ ಕುರ್ಚಿಯ ಮೇಲೆ ಹತ್ತಿ “ಏಣೀ!” ಎಂದು ಕಿರುಚಿದ. ಅಷ್ಟೇ ಸಾಕಾಯಿತು. ಇಡೀ ಸಭೆ ಎದ್ದು ಆ ಅಗಲವಾದ ಮುಖಕ್ಕೆ ಜೈಕಾರ ಹಾಕಿತು. ಗಿಡ್ಡಣ್ಣ ಗೊಳೋ ಎಂದು ಅತ್ತ.

“ಯಾರು ಇದನ್ನ ಮಾಡಿದ್ದು?” ಎಂದು ಆಕೆ ಕೇಳಿದರು.

“ನಾನೇ ಹೇಳಿ ಮಾಡಿಸ್ದೆ, ತಾಯಿ,” ಅಂದರು ಅಧ್ಯಕ್ಷರು, ರೆಪ್ಪೆ ಬಡಿಯದೆ. “ಅಗಲ ಬೇಕು, ಅಗಲ ಬೇಕು ಅಂತ ಬೆಳಿಗ್ಗೆಯಿಂದ ಬಡ್ಕೊಂಡಿದ್ದೀನಿ. ಕೈಕೆಲಸ ಮಾತ್ರ ಇವನದು.”

ಕುರ್ಚಿ ವಾಪಸು ಬಂತು. ಗಿಡ್ಡಣ್ಣ ಕೂತ. ಮೊದಲನೇ ಸಾಲು, ನಡುವೆ. ಮುಂದೆ ನಿಜಕ್ಕೂ ನೊಣವೂ ಇರಲಿಲ್ಲ. ಪರದೆ ಅಂಗೈಯಷ್ಟು ಹತ್ತಿರ.

ಆದರೆ ಬ್ಯಾನರು ಎಂಟಡಿ, ಕಂಬ ನಾಲ್ಕಡಿ. ಒಂದು ಬದಿ ಕಟ್ಟಿದರೆ ಇನ್ನೊಂದು ಬದಿ ಜೋತು ಬಿದ್ದು ಅರ್ಧ ಏಣಿ ಮಡಿಚಿಕೊಳ್ಳುತ್ತಿತ್ತು. ಮೇಷ್ಟ್ರು, “ಮಡಿಚಿದ್ರೆ ಸರಿಯಾಗಿ ಮೊದಲಿನ ಏಣಿ ಆಗ್ತಾರೆ,” ಎಂದು ಸಲಹೆ ಕೊಟ್ಟರು.

“ಬೇಡ,” ಅಂದರು ಏಣಿಯ ಹೆಂಡತಿ. “ಬಚ್ಚಿಟ್ಟಿದ್ದು ಸಾಕು. ಪೂರ್ತಿ ಕಾಣ್ಲಿ. ಯಾರಾದ್ರೂ ಆ ತುದಿ ಹಿಡ್ಕೊಂಡ್ರೆ ಆಯ್ತು.” ಸಭೆಯಲ್ಲಿ ನೂರು ಕೈ ಮೇಲೆದ್ದವು. ಆಕೆ ತಲೆಯಾಡಿಸಿದರು. “ಮಾಡಿದ ಕೈಯೇ ಹಿಡೀಲಿ. ಆ ಗೌರವ ಅವರಿಗೇ ಸಲ್ಬೇಕು.”

ಚಪ್ಪಾಳೆಯೋ ಚಪ್ಪಾಳೆ. ದೇವರ ಹೆಂಡತಿ ಗೌರವ ಕೊಟ್ಟರೆ ಬೇಡ ಎನ್ನುವುದು ಹೇಗೆ? ಗಿಡ್ಡಣ್ಣನ ಎತ್ತರ ಸಾಲದೆಂದು ಒಂದು ಮೇಜು ತಂದು, ಅವನನ್ನು ಬ್ಯಾನರಿನ ಹಿಂದೆ ಹತ್ತಿಸಿ, ಮೇಲಿನ ತುದಿಯನ್ನು ಕೈಗೆ ಕೊಟ್ಟರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇದು ಬಾಯೊಳಗೆ ಹೋದದ್ದೂ ಆಚೆ ಬಂತು. ಅವನ ಮುಂದೆ ಎಂಟಡಿ ಬಿಳಿ ಪ್ಲಾಸ್ಟಿಕ್ಕು, ಪಕ್ಕದಲ್ಲಿ ಪರದೆಯ ಬೆನ್ನಿಗೆ ಹೊದಿಸಿದ ಕರಿ ಬಟ್ಟೆ.

“ಗಿಡ್ಡಣ್ಣಾ,” ಎಂದು ಬ್ಯಾನರಿನ ಆಚೆಯಿಂದ ಜೆರಾಕ್ಸ್ ಅಕ್ಕನ ಪಿಸುಮಾತು ಬಂತು. “ನಿನ್ನ ಕುರ್ಚಿ ಖಾಲಿ ಬಿಡೋದು ಚೆನ್ನಾಗಿರಲ್ಲ ಅಂತ ನಾನೇ ಕೂತಿದ್ದೀನಿ. ಚಿಂತೆ ಮಾಡ್ಬೇಡ ಕಣೋ. ಫೋನಲ್ಲಿ ಪೂರ್ತಿ ತೆಗೀತೀನಿ. ಮನೇಲಿ ಕೂತು ಸಾವಿರ ಸಲ ನೋಡು.”

ಹೋದ ಜೀವ ಬಂತು. ಅದೂ ಸರಿಯೇ! ಒಂದು ಸಲ ನೋಡಿ ಮುಗಿಸುವುದಕ್ಕಿಂತ ಸಾವಿರ ಸಲ ನೋಡುವುದು ಮೇಲಲ್ಲವೆ? ಗಿಡ್ಡಣ್ಣ ಹಲ್ಲು ಕಚ್ಚಿ ತುದಿ ಹಿಡಿದ. ದೀಪ ಆರಿತು. ತೋಳು ಜೋಮು ಹಿಡಿದು ತನ್ನದೋ ಪರರದೋ ಗೊತ್ತಾಗದಂತಾಯಿತು, ಬಿಡಲಿಲ್ಲ. ಸಭೆ ಎಣಿಸತೊಡಗಿತು: “ಐದು! ನಾಲ್ಕು! ಮೂರು! ಎರಡು!” ಆಮೇಲೆ ಉಸಿರು ಕಟ್ಟಿದ ಒಂದು ಮೌನ. ಆಮೇಲೆ ಸೂರು ಹಾರಿಹೋಗುವಂಥ ಕೂಗು. “ಬಿತ್ತು!” ಎಂದು ಬಿಳಿ ಪ್ಲಾಸ್ಟಿಕ್ಕಿಗೆ ಮುಖವಿಟ್ಟು ಗಿಡ್ಡಣ್ಣನೂ ಕೂಗಿದ.

ಏಣಿಯ ಹೆಂಡತಿ ಕ್ಯಾಸೆಟ್ಟನ್ನು ಡಬ್ಬಕ್ಕೆ ಹಾಕಿ, ಬ್ಯಾನರನ್ನು ಸುತ್ತಿಸಿ, ಗಿಡ್ಡಣ್ಣನ ತಲೆ ಸವರಿ, ಕಾರು ಹತ್ತಿ ಹೊರಟುಹೋದರು. ಅವನು ಮೇಜಿನಿಂದ ಹಾರಿ ಅಕ್ಕನ ಬಳಿಗೆ ಓಡಿದ.

“ಬಂತಾ ಅಕ್ಕಾ? ಪೂರ್ತಿ ಬಂತಾ?”

“ಬರ್ದೇ ಏನು? ಕೈ ಒಂಚೂರೂ ಅಲ್ಲಾಡಿಸಿಲ್ಲ,” ಎಂದು ಅಕ್ಕ ಹೆಮ್ಮೆಯಿಂದ ಫೋನು ಕೊಟ್ಟರು.

ಗಿಡ್ಡಣ್ಣ ವಿಡಿಯೊ ಒತ್ತಿದ. ಅಕ್ಕ ಹೇಳಿದ್ದು ನಿಜ, ಕೈ ಒಂಚೂರೂ ಅಲ್ಲಾಡಿರಲಿಲ್ಲ. ಒಂಬತ್ತು ನಿಮಿಷ ಹನ್ನೆರಡು ಸೆಕೆಂಡು, ಫೋನಿನ ತುಂಬ, ಈ ಕಿವಿಯಿಂದ ಆ ಕಿವಿಯವರೆಗೆ, ಅಕ್ಕನ ಮುಖ. ಮುಂದಿನ ಕ್ಯಾಮೆರಾ ಆನ್ ಆಗಿತ್ತು.

ಅವನು ಕೊನೆಗೆ ಸರಿಸಿದ. “ಎರಡು!” ಎಂದು ಸಭೆ ಕೂಗಿತು. ಅಕ್ಕ ಉಸಿರು ಬಿಗಿಹಿಡಿದರು, ಅವರ ಕಣ್ಣು ಎಡದಿಂದ ಬಲಕ್ಕೆ ನಿಧಾನವಾಗಿ ಏನನ್ನೋ ಹಿಂಬಾಲಿಸಿತು, ಮೇಲೇರಿತು, ಇಳಿಯಿತು, ಬಾಯಿ ಅಗಲವಾಗಿ ತೆರೆಯಿತು.

“ಚೆನ್ನಾಗಿ ಬಂದಿದೆ ಅಲ್ವಾ?” ಅಂದರು ಅಕ್ಕ.

ಗಿಡ್ಡಣ್ಣ ಹಿಂದಕ್ಕೆ ಸರಿಸಿ, ಅದನ್ನೇ ಇನ್ನೊಂದು ಸಲ ಹಾಕಿದ.