ಬರೇ ಕಂಟಿಗಾಗಿ ಪಟ್ಟ ಪಾಡು

ಗಿಡಗಂಟಿಗಳ ಹಿಂದೆ ಬಿದ್ದವರಿಗೆ ಇಂಥವು ಆಗುತ್ತಲೇ ಇರುತ್ತವೆ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಂದು ನಿಲ್ಲುತ್ತದೆ.

ಎಪ್ಪತ್ತರ ದಶಕದಲ್ಲಿ ನಾನು ಬಸವನ ಬಾಗೇವಾಡಿಯಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಗೊಳಸಂಗಿ ಕಡೆಗೆ ಒಂದು ಸಣ್ಣ ಗುಡ್ಡ. ಅದರ ಮೇಲಿನ ಕಂಟಿಯನ್ನೆಲ್ಲ ಸವರಿ ಸಾಲಾಗಿ ನೀಲಗಿರಿ ಹಚ್ಚುತ್ತಾರೆ ಎಂಬ ಸುದ್ದಿ ಬಂತು. ದನಕ್ಕೆ ಮೇವು, ಮಕ್ಕಳಿಗೆ ಬಾರಿಹಣ್ಣು, ಕೆಮ್ಮಿಗೆ ಕಷಾಯ, ಎಲ್ಲ ಸಿಗುತ್ತಿದ್ದದ್ದು ಆ ಕಂಟಿಯಿಂದಲೇ. “ಅಲ್ಲಿ ಏನೇನು ಗಿಡ ಅದಾವು, ಒಂದೂ ಬಿಡದಂಗ ಬರದು ಕೊಡೋಣು. ಓದಿದ ಮ್ಯಾಲೆ ಯಾವ ಸಾಹೇಬ ಕಡಸ್ತಾನ ನೋಡೋಣು” ಎಂದು ಹಟ ತೊಟ್ಟವರು ಮೂವರು: ನಾನು, ದವಾಖಾನೆಯ ಕಂಪೌಂಡರ, ಬಜಾರದ ಟೇಲರ. ರವಿವಾರ ಬಂತೆಂದರೆ ಮೂವರೂ ಸೈಕಲ್ ಏರುತ್ತಿದ್ದೆವು. ಗಿಡದ ವಿಷಯದಲ್ಲಿ ನನಗೆ ಪುಸ್ತಕ ಗೊತ್ತಿತ್ತು, ಕಂಪೌಂಡರನಿಗೆ ಬಾಟಲಿ ಗೊತ್ತಿತ್ತು, ಟೇಲರನಿಗೆ ಏನೂ ಗೊತ್ತಿರಲಿಲ್ಲ. ಹೀಗಾಗಿ ಬೇಗ ಕಲಿತವನು ಅವನೇ.

೧. ಊರು ಖಾಲಿ

ಮೊದಲ ರವಿವಾರ ಗುಡ್ಡದ ಬುಡದ ಹಳ್ಳಿಗೆ ಹೋದೆವು. ಟೊಂಗೆ ಕತ್ತರಿಸಲು ಟೇಲರ ತನ್ನ ದೊಡ್ಡ ಕತ್ತರಿ ತಂದಿದ್ದ, ಎಲೆ ಅಳೆಯಲು ಕೊರಳಲ್ಲಿ ಟೇಪು ಹಾಕಿಕೊಂಡಿದ್ದ. ಕಂಪೌಂಡರನ ಹೆಗಲಿಗೆ ದವಾಖಾನೆಯ ಚೀಲ. ನನ್ನ ಕೈಯಲ್ಲಿ ಹೆಸರು ಬರೆದುಕೊಳ್ಳುವ ದಪ್ಪ ವಹಿ. ಊರಿನಲ್ಲಿ ಒಬ್ಬ ಗಂಡಸೂ ಕಾಣಲಿಲ್ಲ. ಕಟ್ಟೆಯ ಮೇಲೆ ಇನ್ನೂ ಬಿಸಿ ಆರದ ಚಹದ ಬಸಿಗಳಿದ್ದವು, ಕುಡಿಯುವವರಿರಲಿಲ್ಲ.

ಒಬ್ಬಳು ಅಜ್ಜಿ ಮಾತ್ರ ಬಾಗಿಲಲ್ಲಿ ಕುಳಿತು ಹಕ್ಕರಕಿ ಸೊಪ್ಪು ಸೋಸುತ್ತಿದ್ದಳು.

“ಗಂಡಸ್ರೆಲ್ಲಾ ಎಲ್ಲಿ ಹೋದ್ರು ಅಜ್ಜಿ?”

“ನಿಮ್ಮನ್ನ ನೋಡೇ ಹೋದ್ರಲ್ಲೋ ಎಪ್ಪಾ! ಒಬ್ಬನ ಕಡೆ ಕತ್ತರಿ, ಒಬ್ಬನ ಕಡೆ ದವಾಖಾನಿ ಚೀಲ, ಒಬ್ಬನ ಕಡೆ ಹೆಸರು ಬರಿಯೂ ವಹಿ. ಆಪರೇಶನ್ ಮಾಡಾಕ ಬಂದೀರಿ ಅಂತ ಓಡ್ಯಾರ.”

ಆಗ ನಮಗೆ ಹೊಳೆಯಿತು. ಕುಟುಂಬ ಯೋಜನೆಯವರು ಹಿಡಿದುಕೊಂಡು ಹೋಗುತ್ತಾರೆ ಎಂದು ಹಳ್ಳಿ ಹಳ್ಳಿಯೇ ಹೆದರಿದ್ದ ತುರ್ತು ಪರಿಸ್ಥಿತಿಯ ದಿನಗಳವು. ನಾವು ಬಂದದ್ದು ಗಿಡ ನೋಡಲು ಎಂದು ಬಿಡಿಸಿ ಹೇಳಿದೆವು. ಅಜ್ಜಿ ನಗುನಗುತ್ತ ಮಾಳಿಗೆ ಹತ್ತಿ, ಜೋಳದ ಹೊಲದ ಕಡೆ ತಿರುಗಿ ಕೂಗಿದಳು: “ಬರ್ರೋ! ಇವರು ಬರೇ ಎಲಿ ಕತ್ತರಸಾವರು!”

ದಂಟುಗಳ ನಡುವೆ ನಾಲ್ಕಾರು ತಲೆಗಳು ಎದ್ದು ಮತ್ತೆ ಮುಳುಗಿದವು. ಆಮೇಲೆ ಹೊಲದ ನಡುವಿನಿಂದ ಒಂದು ದನಿ ಬಂತು: “ಮದಲ ಆ ಕತ್ತರಿ ನೀ ಇಸಗೊಳ್ಳ ಬೇ ಯಮ್ಮಾ, ಆಮ್ಯಾಲೆ ಬರ್ತೇವಿ!”

೨. ಅರ್ಧ ಟಿಕೆಟ್

ಅಂದಿನಿಂದ ಆ ಅಜ್ಜಿಯೇ ನಮಗೆ ಗುರು. ಗುಡ್ಡದ ಒಂದೊಂದು ಕಂಟಿಯೂ ಅವಳಿಗೆ ಮೊಮ್ಮಕ್ಕಳಷ್ಟೇ ಪರಿಚಯ. ಹಿಂದೆ ಅಲ್ಲಿ ಗುಗ್ಗುಳದ ಗಿಡಗಳೂ ಇದ್ದವು, ಧೂಪಕ್ಕೆಂದು ಕೆತ್ತಿ ಕೆತ್ತಿ ಒಂದೂ ಉಳಿಯಲಿಲ್ಲ ಎಂದಳು. ಇಂಡಿಯ ಒಂದು ಲಿಂಬೆ ತೋಟದ ಬೇಲಿಯಲ್ಲಿ ಅದು ಇನ್ನೂ ಇದೆ ಎಂದು ಗೊತ್ತಾದ ಕೂಡಲೆ, ಗುಡ್ಡದಲ್ಲಿ ಮತ್ತೆ ಹಚ್ಚಲು ಒಂದನ್ನು ತರೋಣ ಎಂದು ಮೂವರೂ ಹೋದೆವು. ತೋಟದ ಯಜಮಾನರು ಎಣ್ಣೆ ಡಬ್ಬಿಯಲ್ಲಿ ಬೇರುಬಿಟ್ಟಿದ್ದ ಗಿಡವೊಂದನ್ನು ಕೊಟ್ಟರು. ಮೈತುಂಬ ಮುಳ್ಳು.

ಬಸ್ಸಿನಲ್ಲಿ ಕಂಡಕ್ಟರ್ ತಡೆದ. “ಇದಕ್ಕ ಅರ್ಧಾ ಟಿಕೆಟ್ ಆಗತೈತ್ರಿ.”

“ಗಿಡಕ್ಕ ಎಲ್ಲೀ ಟಿಕೆಟ್ರಿ?”

“ಮೂರು ಫೂಟಿನ ಮ್ಯಾಲಿದ್ರ ಯಾರಿಗಾದ್ರೂ ಅರ್ಧಾ.”

ಟೇಲರ ಟೇಪು ಹಿಡಿದು ಅಳೆದ. “ಎರಡೂವರಿ ಫೂಟು ನೋಡ್ರಿ!”

“ಡಬ್ಬಿ ಸಹಿತ ಅಳೀರಿ. ಹುಡುಗರನ್ನೇನು ಚಪ್ಪಲಿ ಬಿಚ್ಚಿಸಿ ಅಳೀತೇವೇನ್ರಿ?”

ಡಬ್ಬಿ ಸೇರಿದರೆ ಮೂರು ಫೂಟು ದಾಟುತ್ತಿತ್ತು. ಟಿಕೆಟ್ ತೆಗೆಸಿ, ಗಿಡವನ್ನು ಸೀಟಿನ ಮೇಲೆ ಇಟ್ಟೆವು. ಸಿಂದಗಿಯಲ್ಲಿ ಬಸ್ಸು ತುಂಬಿತು. ಕೂಸು ಎತ್ತಿಕೊಂಡ ಹೆಣ್ಣುಮಕ್ಕಳಿಗೆ ನಾವು ಎದ್ದು ಜಾಗ ಬಿಟ್ಟೆವು. ದಪ್ಪ ಮನುಷ್ಯನೊಬ್ಬ ಗಿಡದ ಎದುರು ನಿಂತು, “ಈ ಡಬ್ಬಿ ಕೆಳಗ ಇಡ್ರಿ, ಕುಂದ್ರತೇನಿ” ಎಂದ. ಕಂಪೌಂಡರ ಅರ್ಧ ಟಿಕೆಟ್ ತೋರಿಸಿದ. ಆ ಮನುಷ್ಯ ನ್ಯಾಯಕ್ಕೆಂದು ಕಂಡಕ್ಟರನ ಕಡೆ ತಿರುಗಿದ. ಕಂಡಕ್ಟರ್ ತಲೆ ಕೆರೆದುಕೊಂಡು, “ಟಿಕೆಟ್ ತಗಸೈತ್ರಿ... ಎಬ್ಬಸಾಕ ಬರಂಗಿಲ್ಲ” ಎಂದ.

ಬಾಗೇವಾಡಿ ಬರುವವರೆಗೆ ಅರ್ಧ ಟಿಕೆಟ್ಟಿನ ಗಿಡ ಕಿಡಕಿಯ ಗಾಳಿ ತಗೊಳ್ಳುತ್ತ ಕುಳಿತಿತ್ತು; ಪೂರಾ ಟಿಕೆಟ್ಟಿನ ನಾವು ಮೂವರೂ ನಿಂತಿದ್ದೆವು.

೩. ಆಡು ಮುಟ್ಟದ ಬಳ್ಳಿ

ಜನರಿಗೂ ಗೊತ್ತಾಗಲಿ ಎಂದು ರಟ್ಟಿನ ತುಂಡುಗಳ ಮೇಲೆ ಗಿಡಗಳ ಹೆಸರು ಬರೆದೆವು. ಗಾಳಿಗೆ ಹರಿಯಬಾರದೆಂದು ಗೋದಿಹಿಟ್ಟಿನ ಅಂಟು ಬಳಿದು ಎರಡೆರಡು ರಟ್ಟು ಕೂಡಿಸಿ ಕಟ್ಟಿದೆವು. ಮುಂದಿನ ರವಿವಾರ ಹೋದಾಗ ‘ಆಡು ಮುಟ್ಟದ ಬಳ್ಳಿ’ ಎಂದು ಬರೆದ ರಟ್ಟೇ ಇಲ್ಲ, ದಾರ ಮಾತ್ರ ತೂಗುತ್ತಿದೆ. ಆಡು ಕಾಯುವವನನ್ನು ಕೇಳಿದೆ.

“ನನ್ನ ಆಡು ತಿಂತ್ರಿ ಮಾಸ್ತರ. ಆದ್ರ ನೀವು ಬರದದ್ದು ಸುಳ್ಳಲ್ಲ ಬಿಡ್ರಿ. ಹಲಗಿ ಪೂರಾ ತಿಂತು, ಬಳ್ಳಿ ಮುಟ್ಟಲಿಲ್ಲ!”

೪. ಮುದ್ದೇಬಿಹಾಳದ ಭಾಷಣ

ನಮ್ಮ ಸುದ್ದಿ ಮುದ್ದೇಬಿಹಾಳಕ್ಕೂ ಮುಟ್ಟಿ, ಅಲ್ಲಿಯ ಒಂದು ಸಾಲೆಯವರು ಮಾತಾಡಲು ಕರೆದರು. ಅಜ್ಜಿಯನ್ನೂ ಕರೆದುಕೊಂಡು ಹೋದೆವು. ಹೋಗುವಾಗ ದಾರಿಯಲ್ಲಿ ಇಳಿದು ಒಂದಷ್ಟು ಗಿಡ ಕಿತ್ತುಕೊಂಡಿದ್ದೆವು. ನಾನು ಪಂಡಿತನಂತೆ ನಿಂತು ಉತ್ತರಾಣಿ ಕಡ್ಡಿ ಎತ್ತಿ ಹಿಡಿದು, “ಅಕಿರಾಂಥಿಸ್ ಆಸ್ಪೆರಾ!” ಎಂದು ಅದರ ಲ್ಯಾಟಿನ್ ಹೆಸರನ್ನು ಗಟ್ಟಿಯಾಗಿ ಹೇಳಿದೆ. ಅಜ್ಜಿ ಕಂಪೌಂಡರನ ಕಡೆ ಬಾಗಿ ದೊಡ್ಡ ದನಿಯಲ್ಲೇ ಕೇಳಿದಳು: “ಮಾಸ್ತರ ಯಾಕ ಗಿಡಕ್ಕ ಬೈಯಾಕತ್ತಾನ? ಏನ ಮಾಡೇತಿ ಅದು?”

ಇಡೀ ವರ್ಗ ನಕ್ಕಿತು. ನನಗೆ ನಾಚಿಕೆಯಾಯಿತು, ಆದರೂ ಬಿಡಲಿಲ್ಲ. “ಬೀಜ ಪ್ರಸಾರದ ವಿಧಾನಗಳು...” ಎಂದು ಶುರುಮಾಡಿದೆ. ಅಷ್ಟರಲ್ಲಿ ಅಜ್ಜಿ ಎದ್ದು ಬಂದು ನನ್ನ ಧೋತರದ ಅಂಚು ಎತ್ತಿ ಮಕ್ಕಳಿಗೆ ತೋರಿಸಿದಳು. ಅಂಚಿನ ತುಂಬ ಉತ್ತರಾಣಿ ಬೀಜ ಚುಚ್ಚಿಕೊಂಡಿದ್ದವು.

“ಉತ್ತರಾಣಿ ಊರೂರು ಹೆಂಗ ತಿರಗತೈತಿ ಅಂದ್ರ, ನೋಡ್ರಿ, ಇಂಥಾ ಒಬ್ಬ ಮಾಸ್ತರನ್ನ ಹಿಡೀತೈತಿ!”

೫. ಸಾಹೇಬರ ನಾಲಿಗೆ

ಗಿಡಗಳ ಯಾದಿಯನ್ನು ಅರಣ್ಯ ಖಾತೆಗೆ ಮೂರು ಸಲ ಬರೆದುಕೊಟ್ಟೆವು, ಉತ್ತರವಿಲ್ಲ. ನಾಲ್ಕನೆಯ ಸಲ ಕೊಟ್ಟಾಗ ನೀಲಗಿರಿ ಹಚ್ಚಿಸುವ ಸಾಹೇಬರೇ ಗುಡ್ಡ ನೋಡಲು ಬಂದರು. ಮನುಷ್ಯ ಒಳ್ಳೆಯವರು, ಆದರೆ ಅವಸರದವರು. ನಾನು ಒಂದು ಗಿಡದ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಅವರು ಮೂರು ಗಿಡ ದಾಟಿರುತ್ತಿದ್ದರು. ತುದಿ ಮುಟ್ಟಿ ಸುತ್ತಲೂ ನೋಡಿ, “ಏನೈತ್ರಿ ಮಾಸ್ತರ ಇಲ್ಲಿ? ಬರೇ ಕಂಟಿ!” ಎಂದರು. ಇಷ್ಟು ದಿನದ ದುಡಿಮೆ ಅಲ್ಲಿಗೆ ಮುಗಿಯಿತು ಎಂದು ನಾನು ವಹಿ ಮುಚ್ಚಿದೆ.

ಅಜ್ಜಿ ಮಾತ್ರ ಶಾಂತಳಾಗಿದ್ದಳು. ಕಂಟಿಗೆ ಹಬ್ಬಿದ್ದ ಬಳ್ಳಿಯ ಎರಡು ಎಲೆ ಹರಿದು, “ದಣದೀರಿ ಸಾಹೇಬ್ರ, ಇದನ್ನ ಚಲೋತಂಗ ಅಗೀರಿ” ಎಂದಳು. ಅವರು ಅಗಿದು, “ಥೂ, ಕಹಿ” ಎಂದು ಉಗುಳಿದರು. “ಕಹೀನ ಐತ್ರಿ. ಬರ್ರಿ, ಮನ್ಯಾಗ ಹೋಳಿಗಿ ಮಾಡೇನಿ.”

ಹೋಳಿಗೆ ಎಂದ ಕೂಡಲೆ ಸಾಹೇಬರು ನಮಗಿಂತ ಮುಂದೆ ಗುಡ್ಡ ಇಳಿದರು. ತುಪ್ಪ ಸುರಿದ ಹೂರಣದ ಹೋಳಿಗೆಯನ್ನು ಬಾಯಿಗಿಟ್ಟು ಎರಡು ಸಲ ಅಗಿದವರು ಹಾಗೇ ನಿಂತರು. “ಅಜ್ಜಿ, ಬೆಲ್ಲಾ ಹಾಕೂದು ಮರತೀರೇನು?”

ಅಜ್ಜಿ ಒಳಗಿನಿಂದ ಬೆಲ್ಲದ ಹೆಂಟೆಯನ್ನೇ ತಂದಿಟ್ಟಳು. ಸಾಹೇಬರು ಅದನ್ನು ಬಾಯಿಗೆ ಹಾಕಿಕೊಂಡರು. ಮುಖ ಬಿಳಿಚಿತು. “ಇದು ಕಲ್ಲು! ಕಂಪೌಂಡರ್ರ, ಸಕ್ಕರಿ ಕೊಡ್ರಿ!” ಅವನು ಒಳಗಿನಿಂದ ಸಕ್ಕರೆ ತಂದು ಕೊಟ್ಟ. “ಅಯ್ಯಯ್ಯೋ, ಉಸುಕು! ನನ್ನ ನಾಲಿಗಿ ಹೋತ್ರೀ!” ಎಂದು ನಾಲಿಗೆ ಪೂರ್ತಿ ಹೊರಗೆ ಚಾಚಿ ಕಂಪೌಂಡರನ ಎದುರು ಕುಳಿತುಬಿಟ್ಟರು. ಅವನೋ ನಗು ತಡೆಯಲಾರದೆ ಮುಖ ತಿರುಗಿಸಿ, ಗೋಡೆ ನೋಡುತ್ತ ಅವರ ನಾಡಿ ಹಿಡಿದಿದ್ದ.

“ಏನೂ ಆಗಿಲ್ರಿ ಸಾಹೇಬ್ರ” ಎಂದಳು ಅಜ್ಜಿ. “ನೀವು ಬರೇ ಕಂಟಿ ಅಂದ್ರಲ್ಲ, ಅದರಾಗಿನ ಎರಡು ಎಲಿ ಇದು. ತಾಸೊತ್ತಿನ್ಯಾಗ ನಾಲಿಗಿ ತಿರುಗಿ ಬರತೈತಿ. ಅಲ್ಲೀ ಮಟಾ ಉಳದ ಕಂಟಿ ನೋಡಿ ಬರೋಣು ನಡೀರಿ.”

ಅದು ಮಧುನಾಶಿನಿ, ಅಗಿದರೆ ಸ್ವಲ್ಪ ಹೊತ್ತು ಸಿಹಿಯ ರುಚಿಯೇ ಗೊತ್ತಾಗುವುದಿಲ್ಲ ಎಂದು ನಾನು ಪುಸ್ತಕದಲ್ಲಿ ಓದಿದ್ದೆ. ಅದನ್ನು ಹೀಗೂ ಪಾಠ ಮಾಡಬಹುದು ಎಂದು ಓದಿರಲಿಲ್ಲ. ಸಾಹೇಬರು ಮತ್ತೆ ಗುಡ್ಡ ಹತ್ತಿದರು. ಈ ಸಲ ಒಂದೊಂದು ಗಿಡದ ಎದುರೂ ನಿಂತು, “ಇದು ಏನ ಮಾಡತೈತಿ ಅಜ್ಜಿ?” ಎಂದು ಎರಡು ಹೆಜ್ಜೆ ದೂರದಿಂದಲೇ ಕೇಳಿದರು. ನಾಲಿಗೆ ತಿರುಗಿ ಬಂದ ಮೇಲೆ ನಾಲ್ಕು ಹೋಳಿಗೆ ತಿಂದರು. ಆಮೇಲೆ ನನ್ನ ಪೆನ್ನನ್ನೇ ಇಸಕೊಂಡು, ‘ಈ ಗುಡ್ಡವನ್ನು ಇದ್ದಂತೆಯೇ ಬಿಡುವುದು’ ಎಂದು ನಮ್ಮ ಯಾದಿಯ ಮೇಲೆ ಬರೆದು ಸಹಿ ಹಾಕಿದರು. ಟೇಲರ ಕಣ್ಣೊರೆಸಿಕೊಂಡ. 

ಜೀಪು ಹತ್ತುವ ಮೊದಲು ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, “ಮಾಸ್ತರ, ಆ ಬಳ್ಳೀದು ಒಂದು ಹಿಡಿ ಎಲಿ ಬೇಕಾಗಿತ್ರಿ” ಎಂದರು.

“ಯಾಕ್ರಿ ಸಾಹೇಬ್ರ, ಸಕ್ಕರಿ ರೋಗ ಐತೇನ್ರಿ ನಿಮಗ?”

“ನನಗೇನೂ ಇಲ್ರಿ. ಹಬ್ಬಕ್ಕ ನನ್ನ ಹೇಣ್ತಿ ತಮ್ಮ ಬರಾವ ಅದಾನ. ಮಾಡಿದ ಹೋಳಿಗಿ ಎಲ್ಲಾ ಅಂವನ ತಿಂತಾನ. ಊಟಕ್ಕ ಕುಂದ್ರೂಕಿಂತ ಮದಲ ಔಷಧ ಅಂತ ಹೇಳಿ ಅಂವಗ ತಿನಸ್ತೇನಿ!”