ಹೆಸರು ಬಿಡದ ವರದಿಗಾರ

ಮೊಣಕಾಲು ನೋವು ಶುರುವಾದರೆ ಮೊದಲು ಗೊತ್ತಾಗುವುದು ನಮಗೆ. ಮರೆವು ಶುರುವಾದರೆ ಮೊದಲು ಗೊತ್ತಾಗುವುದು ಮನೆಯವರಿಗೆ, ಆಮೇಲೆ ಓಣಿಯವರಿಗೆ, ಎಲ್ಲರಿಗಿಂತ ಕೊನೆಗೆ ನಮಗೆ. ಸುದ್ದಿ ಎಲ್ಲರಿಗಿಂತ ಮೊದಲು ನನಗೆ ಸಿಗಬೇಕು ಎಂಬ ಹಟದಲ್ಲೇ ಆಯುಷ್ಯ ಕಳೆದ ನನಗೆ, ನನ್ನ ತಲೆಯ ಸುದ್ದಿಯೇ ಇಷ್ಟು ತಡವಾಗಿ ತಲುಪಿದ್ದು ವೃತ್ತಿಗೆ ಒಪ್ಪುವ ಮಾತಲ್ಲ. ದೇಹದ ಮಟ್ಟಿಗೆ ನಾನು ಮೊದಲಿನಿಂದಲೂ ಪ್ರಾಮಾಣಿಕ. ಐವತ್ತು ದಾಟಿದಾಗ ಬೆಳಗಿನ ವಾಕಿಂಗಿಗೆಂದು ಬೂಟು ಕೊಂಡೆ. ಬೂಟು ಇವತ್ತಿಗೂ ಒಳ್ಳೆಯ ಆರೋಗ್ಯದಿಂದಿದೆ, ಒಂದು ಹೊಲಿಗೆಯೂ ಬಿಚ್ಚಿಲ್ಲ. ಹೊಟ್ಟೆ ಬಂದಿದೆ ಎಂದು ಯಾರಾದರೂ ಅಂದರೆ ಬಂದಿದೆ ಎಂದು ಒಪ್ಪುತ್ತೇನೆ. ಆದರೆ ನೆನಪಿನ ಶಕ್ತಿ ಕಡಿಮೆಯಾಗಿದೆ ಎಂದು ಯಾರಾದರೂ ಅಂದರೆ ಮಾತ್ರ ನನಗೆ ಸಿಟ್ಟು ಬರುತ್ತಿತ್ತು. ಅದಕ್ಕೆ ಕಾರಣವಿದೆ.

ನಾನು ಗೋಕಾಕದಲ್ಲಿ ಮನೆ ಮಾಡಿಕೊಂಡು ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆಯ ಸುದ್ದಿ ಬರೆಯುವವನು. ಹೊರಗಿನವರು ಪತ್ರಕರ್ತ ಎಂದರೆ ಹಗರಣ ಬಯಲಿಗೆಳೆಯುವವನು ಎಂದುಕೊಳ್ಳುತ್ತಾರೆ. ತಾಲ್ಲೂಕಿನಲ್ಲಿ ಪತ್ರಕರ್ತನ ಯೋಗ್ಯತೆ ತೀರ್ಮಾನವಾಗುವುದು ವರದಿಯ ಕೊನೆಯ ಸಾಲಿನಲ್ಲಿ. ಉದ್ಘಾಟಕರು ಏನು ಹೇಳಿದರು ಎಂದು ಓದುವವರು ಉದ್ಘಾಟಕರು ಮಾತ್ರ. ಉಳಿದವರೆಲ್ಲ ನೇರವಾಗಿ ಕೊನೆಗೆ ಹೋಗಿ, "ಮೊದಲಾದವರು ವೇದಿಕೆಯಲ್ಲಿದ್ದರು" ಎಂಬುದರ ಹಿಂದಿನ ಹೆಸರುಗಳನ್ನು ಬೆರಳಿಟ್ಟು ಓದುತ್ತಾರೆ. ನಮ್ಮ ಕಡೆಯ ವೇದಿಕೆಗಳೂ ಉದಾರ. ಕೌಜಲಗಿಯ ಒಂದು ಸಮಾರಂಭದಲ್ಲಿ ಕೆಳಗೆ ಕುಳಿತವರಿಗಿಂತ ಮೇಲೆ ಕುಳಿತವರೇ ಹೆಚ್ಚಾಗಿ, ಶಾಮಿಯಾನದವನು ಕುರ್ಚಿಗಳನ್ನು ಕೆಳಗಿನಿಂದ ಮೇಲಕ್ಕೆ ಸಾಗಿಸಿದ್ದನ್ನು ನಾನೇ ಕಂಡಿದ್ದೇನೆ. ಅಷ್ಟೂ ಜನರ ಹೆಸರು, ಅಡ್ಡಹೆಸರು ಬರೆದುಕೊಳ್ಳದೆ ನೆನಪಿಟ್ಟು, ಯಾರು ಯಾರ ಪಕ್ಕದಲ್ಲಿ ಇರಬಾರದು ಎಂಬುದನ್ನೂ ಗಮನಿಸಿ ಬರೆಯುವುದು ನನ್ನ ಹೆಗ್ಗಳಿಕೆಯಾಗಿತ್ತು. "ಅವ್ರು ಹೆಸರ ಬಿಡೋ ಪೈಕಿ ಅಲ್ರಿ" ಎಂದು ಜನ ನನ್ನ ಬಗ್ಗೆ ಹೇಳುವಾಗ, ನನಗೆ ಯಾವ ಪ್ರಶಸ್ತಿಯೂ ಬೇಡ ಎನ್ನಿಸುತ್ತಿತ್ತು.

ಹುಕ್ಕೇರಿಯ ಸಮುದಾಯ ಭವನವೊಂದರಲ್ಲಿ ಬೆಳಗಾವಿಯ ವೈದ್ಯರೊಬ್ಬರ ಉಪನ್ಯಾಸವಿತ್ತು. ವಿಷಯ: ನಡುವಯಸ್ಸಿನ ನಂತರ ಗಟ್ಟಿ ದೇಹ, ಚುರುಕು ಬುದ್ಧಿ. ನನ್ನ ಹೆಂಡತಿ ಮಾದೇವಿಯ ಅಕ್ಕ ಇರುವುದು ಹುಕ್ಕೇರಿಯಲ್ಲೇ. ಅಕ್ಕನನ್ನು ಕಂಡಂತಾಯಿತು, ಉಪನ್ಯಾಸ ಕೇಳಿದಂತಾಯಿತು ಎಂದು ಅವಳೂ ನನ್ನ ಮೋಟಾರ್ ಸೈಕಲ್ಲಿನ ಹಿಂದೆ ಕುಳಿತು ಬಂದಳು. ವೈದ್ಯರು ಒಳ್ಳೆಯ ಮಾತುಗಾರರು. ದಿನಾ ನಡೆಯಿರಿ, ರಾತ್ರಿ ಹಗುರಾಗಿ ಉಣ್ಣಿರಿ, ಯಾವ ವಯಸ್ಸಿನಲ್ಲೂ ಹೊಸದೊಂದನ್ನು ಕಲಿಯುತ್ತಿರಿ, ಎದುರಿಗಿರುವ ಮನುಷ್ಯನ ಮೇಲೆ ಪೂರ್ತಿ ಗಮನವಿಡಿ ಎಂದು ಬಿಡಿಸಿ ಹೇಳಿದರು. ನಾನು ಎಲ್ಲವನ್ನೂ ಶಿಸ್ತಾಗಿ ಬರೆದುಕೊಂಡೆ. ಫೋನು ಸೈಲೆಂಟ್ ಮಾಡಿ ಎಂದಾಗ ಮಾಡಿದೆ. ವೇದಿಕೆಯ ಮೇಲಿನ ಮುಖಗಳನ್ನು ಒಂದೊಂದಾಗಿ ತಲೆಯಲ್ಲಿ ಜೋಡಿಸಿಟ್ಟೆ. ಒಂದೂ ತಪ್ಪಲಿಲ್ಲ.

ಮರಳಿ ಹೊರಟು ಊರು ದಾಟುವಾಗ ಪೆಟ್ರೋಲ್ ಬಂಕಿಗೆ ಗಾಡಿ ತಿರುಗಿಸಿದೆ. ಮಾದೇವಿ ಇಳಿದು, ಗಾಳಿಗೆ ಹಾರುತ್ತಿದ್ದ ಸೆರಗು ಸರಿಮಾಡಿಕೊಳ್ಳುತ್ತ ಬದಿಗೆ ನಿಂತಳು. ಇಷ್ಟನ್ನು ಅವಳ ಹೇಳಿಕೆಯ ಆಧಾರದ ಮೇಲೆ ಬರೆಯುತ್ತಿದ್ದೇನೆ, ನನಗೆ ನೆನಪಿಲ್ಲ. ಆ ಹೊತ್ತಿಗೆ ನನ್ನ ತಲೆಯಲ್ಲಿ ವರದಿಯ ಮೊದಲ ಸಾಲು ಓಡುತ್ತಿತ್ತು. ಟ್ಯಾಂಕಿನ ಮುಚ್ಚಳ ಹಾಕಿದ್ದು, ಗಾಡಿ ಶುರು ಮಾಡಿದ್ದು, ಘಟಪ್ರಭಾದ ರಸ್ತೆ ಹಿಡಿದದ್ದು ಎಲ್ಲ ಕೈಕಾಲುಗಳೇ ಮಾಡಿದ ಕೆಲಸ. ದಾರಿಯುದ್ದಕ್ಕೂ ನಾನು ಹಿಂದೆ ಕುಳಿತವಳ ಜೊತೆ ಮಾತಾಡುತ್ತಲೇ ಇದ್ದೆ. "ಏ, ಕಲಿಕೆ 'ಅಗತ್ಯ' ಅಂತ ಬರೀಲೋ 'ಅನಿವಾರ್ಯ' ಅಂತ ಬರೀಲೋ?" ಎಂದು ಕೇಳಿದೆ. ಉತ್ತರ ಬರಲಿಲ್ಲ. ನನ್ನ ಮಾತಿಗೆ ಮಾದೇವಿ ಎದುರಾಡಲಿಲ್ಲ ಎಂದಾಗಲೇ ನಾನು ಗಾಡಿ ನಿಲ್ಲಿಸಿ ನೋಡಬೇಕಿತ್ತು. ಮೌನವನ್ನು ಸಮ್ಮತಿ ಎಂದು ತಿಳಿದು 'ಅನಿವಾರ್ಯ'ವನ್ನೇ ಉಳಿಸಿಕೊಂಡೆ.

ಧುಪದಾಳದ ಕಡೆಯ ತಂಪು ಗಾಳಿ ಮುಖಕ್ಕೆ ಬಡಿಯುತ್ತಿದ್ದಾಗ ಹಿಂದಿನಿಂದ ಕೆಂಪು ಬಸ್ಸೊಂದು ಒಂದೇ ಸಮನೆ ಹಾರ್ನ್ ಹೊಡೆಯುತ್ತ ಬಂತು. ದಾರಿ ಬಿಟ್ಟುಕೊಟ್ಟೆ. ಬಸ್ಸು ನನ್ನನ್ನು ದಾಟುವಾಗ ಕಿಟಕಿಯಿಂದ ಒಬ್ಬ ಹೆಣ್ಣುಮಗಳು ಜೋರಾಗಿ ಕೈ ಬೀಸುತ್ತಿದ್ದಳು. ಪತ್ರಿಕೆಯಲ್ಲಿ ಇಷ್ಟು ವರ್ಷ ಇದ್ದ ಮೇಲೆ ಓದುಗರು ಗುರುತು ಹಿಡಿಯುವುದು ಸಹಜ. ನಾನು ಒಂದು ಕೈ ಎದೆಗೆ ಮುಟ್ಟಿಸಿ ಗಂಭೀರವಾಗಿ ನಮಸ್ಕಾರ ಮಾಡಿದೆ.

ಘಟಪ್ರಭಾದಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೆ ಬಸಪ್ಪನ ಚಹಾದಂಗಡಿ ಇದೆ. ಅಲ್ಲಿ ನಿಲ್ಲಿಸದೆ ನಾನು ಮುಂದೆ ಹೋಗುವವನಲ್ಲ. ಒಳಗೆ ಹೋಗಿ ಕುಳಿತು "ಎರಡು ಚಾ" ಎಂದೆ.

"ಯಾರರ ಬರೋರ ಅದಾರೇನ್ರಿ ಸರ?" ಎಂದ ಬಸಪ್ಪ.

"ಬರೋರ ಅಲ್ಲೋ, ಬಂದಾರ. ಗಾಡಿ ಹತ್ರ ನಿಂತಾರ ನೋಡು."

ಬಸಪ್ಪ ಕತ್ತು ಚಾಚಿ ನೋಡಿದ. "ಗಾಡಿ ಒಂದ ನಿಂತೈತ್ರಿ" ಎಂದ.

ನಾನೂ ನೋಡಿದೆ. ನಿಜವಾಗಿಯೂ ಗಾಡಿ ಒಂದೇ ನಿಂತಿತ್ತು. ಅಪಘಾತದ ಸುದ್ದಿಗಳನ್ನು ಬರೆದು ಬರೆದು ಮರಗಟ್ಟಿದ ಎದೆ ನನ್ನದು. ಅದು ಅವತ್ತು ಒಮ್ಮೆ ನಿಂತು ಮುಂದೆ ಹೋಯಿತು. ಬಿದ್ದಳೇ? ಎಲ್ಲಿ ಬಿದ್ದಳು? ಜೇಬಿನಿಂದ ಫೋನು ತೆಗೆದರೆ ಅದರ ತುಂಬ ಅವಳ ಕರೆಗಳು, ಸೈಲೆಂಟಾಗಿ ಸಾಲು ಹಿಡಿದು ನಿಂತಿದ್ದವು. ಅಷ್ಟರಲ್ಲಿ ಬೆನ್ನ ಹಿಂದಿನಿಂದ ದನಿ ಬಂತು. "ಬಸಪ್ಪಣ್ಣ, ನನ್ನ ಚಾ ಆರಿಲ್ಲಲ್ಲ?"

ಬಸ್ಸು ನಿಲ್ಲುವ ಜಾಗದಿಂದ ರಸ್ತೆ ದಾಟಿ ಬಂದ ಮಾದೇವಿ ಎದುರಿಗೆ ಕುಳಿತು, ಎರಡನೆಯ ಕಪ್ಪನ್ನು ತನ್ನತ್ತ ಎಳೆದುಕೊಂಡಳು. ನನ್ನ ಕಡೆ ನೋಡಲಿಲ್ಲ. ಅರ್ಧ ಚಹಾ ಮುಗಿಸಿದ ಮೇಲೆ ಕೇಳಿದಳು, "ಕಿಟಕ್ಯಾಗಿಂದ ಅಷ್ಟ ಕೈ ಮಾಡಿದೆ, ಕಾಣಲಿಲ್ಲೇನ್ರಿ?"

"ಕಂಡಿತು."

"ಮತ್ತ?"

"ನಮಸ್ಕಾರ ಮಾಡಿದ್ನಲ್ಲ."

"ಹೂಂ, ಮಾಡಿದ್ರಿ. ಕಂಡಕ್ಟರ್ ಕೇಳಿದ, 'ಅಕ್ಕಾರ, ಅವ್ರು ನಿಮಗ ಏನಾಗಬೇಕು?' ಅಂತ. ಏನೂ ಆಗಬೇಕಿಲ್ಲಪಾ, ನಮ್ಮೂರ ಪೇಪರಿನವ್ರು ಅಂದೆ."

ಮರುದಿನ ವರದಿ ಚೆನ್ನಾಗಿ ಬಂತು. ಮಾದೇವಿ ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನವರೆಗೂ ಓದಿದಳು. "ಖರೇನ ಶಾಣ್ಯಾರ ಅದೀರಿ. ಸ್ಟೇಜಿನ ಮ್ಯಾಲಿನವ್ರ ಒಬ್ಬರನ್ನೂ ಬಿಟ್ಟಿಲ್ಲ" ಎಂದಳು. ಆಮೇಲೆ ಮೊಳೆಗೆ ತೂಗುಹಾಕಿದ್ದ ಗಾಡಿಯ ಕೀಲಿಕೈ ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡಳು. "ನಿನ್ನೆ ನನ್ನ ಬಿಟ್ಟ ಬಂದ್ರಿ, ನಾನು ಬಸ್ ಹತ್ತಿ ಬಂದೆ. ನಾಳೆ ಲಾರಿ ಬರೂದ ಮರತ್ರ? ಗಾಡಿ ಇನ್ನ ಮನ್ಯಾಗ ಇರಲಿ. ನೀವು ಬಸ್ಸಿಗೆ ಹೋಗ್ರಿ."

ಸುದ್ದಿ ಓಣಿಗೆ ಹೇಗೆ ಮುಟ್ಟಿತೋ ತಿಳಿಯದು. ನನ್ನ ಮೂಲಗಳಿಗಿಂತ ಓಣಿಯ ಮೂಲಗಳು ಯಾವತ್ತೂ ಗಟ್ಟಿ. ಎದುರು ಮನೆಯ ಈರಣ್ಣ ಕಾಕಾ ಕಟ್ಟೆಯ ಮೇಲಿಂದಲೇ ಕೂಗಿದರು. "ತಮ್ಮಾ, ನಾಳೆ ಪೇಪರಿನ್ಯಾಗ ಬರತೈತೇನೋ?"

"ಏನ್ರಿ ಕಾಕಾ?"

"ಹೇಣ್ತಿ ಕಳದಾಳ, ಸಿಕ್ಕವ್ರು ತಂದ ಮುಟ್ಟಸ್ರಿ ಅಂತ."

ಓಣಿಯ ನಗೆಯನ್ನು ತಡೆದುಕೊಳ್ಳಬಹುದು. ಕೀಲಿಕೈ ಇಲ್ಲದೆ ಮೂರು ಊರು ಸಂಭಾಳಿಸುವುದು ಕಷ್ಟ. ಬಸ್ಸಿಗೆ ಅದರದೇ ಸಮಯ, ಸಮಾರಂಭಕ್ಕೆ ಅದರದೇ ಸಮಯ. ಮೂಡಲಗಿಯ ಸತ್ಕಾರ ಸಮಾರಂಭಕ್ಕೆ ನಾನು ಮುಟ್ಟುವಷ್ಟರಲ್ಲಿ ವಂದನಾರ್ಪಣೆಯೂ ಮುಗಿದು, ಶಾಮಿಯಾನದವರು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಇದ್ದವರನ್ನು ಕೇಳಿ ಹೆಸರು ಬರೆದು ಕಳಿಸಿದೆ. ಬೆಳಿಗ್ಗೆ ಹಾಸಿಗೆಯಲ್ಲಿರುವಾಗಲೇ ತುಕ್ಕಾನಟ್ಟಿಯಿಂದ ಫೋನು. "ಏನ್ರಿ ಸಾಹೇಬ್ರ, ನಾ ಏನ ಸ್ಟೇಜಿನ ಮ್ಯಾಲೆ ಇರಲಿಲ್ಲೇನ್ರಿ? ಹಾರ ಹಾಕ್ಯಾರ, ಶಾಲ ಹೊದಿಸ್ಯಾರ, ಪೇಟಾ ಸುತ್ಯಾರ. ಹೆಸರ ಒಂದ ನೀವ ಬಿಟ್ಟೀರಿ!" ಜೀವನದಲ್ಲಿ ಮೊದಲ ಬಾರಿಗೆ ನನ್ನ ವರದಿಗೆ ತಿದ್ದುಪಡಿ ಬಂತು. ಮಧ್ಯಾಹ್ನ ಕಚೇರಿಯಿಂದ ಮುಖ್ಯಸ್ಥರು ಮಾತಾಡಿದರು, ಅದೂ ಬಹಳ ಪ್ರೀತಿಯಿಂದ. "ವಯಸ್ಸಾತು, ಎಷ್ಟಂತ ಓಡಾಡತೀರಿ? ಮೂಡಲಗಿ, ಹುಕ್ಕೇರಿ ಎರಡೂ ಬ್ಯಾರೇದವ್ರಿಗೆ ಹಚ್ಚೂಣೇನ್ರಿ? ನೀವು ಗೋಕಾಕ ಒಂದ ನೋಡ್ಕೊಳ್ರಿ ಆರಾಮ." ಕಚೇರಿಯವರು ಬೈದರೆ ನನಗೆ ಭಯವಿಲ್ಲ. ಆರಾಮ ಮಾಡಿ ಎಂದರೆ ಮಾತ್ರ ಕೈಕಾಲು ತಣ್ಣಗಾಗುತ್ತವೆ. ತಿಂಗಳ ಕೊನೆಯವರೆಗೆ ನೋಡಿ ಎಂದು ಅವಕಾಶ ಕೇಳಿಕೊಂಡೆ.

ಅಂದು ಊಟಕ್ಕೆ ಕುಳಿತಾಗ ರೊಟ್ಟಿ ಮುರಿಯುತ್ತ ಸಂಗತಿಯನ್ನು ಮಾದೇವಿಯ ಮುಂದಿಟ್ಟೆ. ಮನಸ್ಸಿನಲ್ಲಿದ್ದದ್ದು ಕೀಲಿಕೈ. ಅವಳು ತಟ್ಟೆಗೆ ಪಲ್ಯ ಹಾಕಿ, "ನೀವ ಚಿಂತಿ ಮಾಡಬ್ಯಾಡ್ರಿ. ಹುಕ್ಕೇರಿ, ಮೂಡಲಗಿ ಎರಡೂ ಬಿಡೂದ ಬ್ಯಾಡ. ಗಾಡಿ ನಾ ಹೊಡೀತೇನಿ" ಎಂದಳು.

"ನೀನೋ? ಗಾಡೀನೋ? ಈ ವಯಸ್ಸಿನ್ಯಾಗೋ?"

"ಆ ಡಾಕ್ಟರ್ ಏನಂದ್ರು? ಹೊಸಾದ ಒಂದ ಕಲೀರಿ ಅಂದ್ರಿಲ್ಲೋ? ನೀವು ಬರಕೊಂಡ್ರಿ, ನಾ ಕೇಳಿಸ್ಕೊಂಡೆ."

ನಾನು ಬಸ್ಸಿಗೆ ಕಾಯುತ್ತಿದ್ದ ದಿನಗಳಲ್ಲಿ ಅವಳು ಪಕ್ಕದ ಮನೆಯ ಕಸ್ತೂರಿ ಟೀಚರ್ ಅವರ ಗೇರಿಲ್ಲದ ಸ್ಕೂಟರಿನ ಮೇಲೆ ಶಾಲೆಯ ಮೈದಾನ ಸುತ್ತುತ್ತಿದ್ದಳಂತೆ. ಲೈಸೆನ್ಸಿಗೂ ಹಾಕಿಯಾಗಿತ್ತು. ನನ್ನ ಮನೆಯೊಳಗಿನ ಸುದ್ದಿ ಮತ್ತೊಮ್ಮೆ ಕೊನೆಗೆ ತಲುಪಿದ್ದು ನನಗೇ. ಅಷ್ಟರಲ್ಲಿ ಟೀಚರಿಗೆ ಬೆಳಗಿನ ಶಾಲೆ ಶುರುವಾಗಿ, ಅವರು ಸ್ಕೂಟರನ್ನಷ್ಟೇ ನಮಗೆ ಬಿಟ್ಟು ಹೋಗುತ್ತಿದ್ದರಿಂದ, ಹಿಂದೆ ಹಿಡಿದುಕೊಂಡು ಓಡುವ ಕೆಲಸ ನನಗೆ ಬಂತು. ಹಾಗೆ ಆ ಬೂಟು ಕೊನೆಗೂ ಹೊರಗೆ ಬಂತು. ಸ್ಕೂಟರಿನ ಹಿಂಬದಿಯ ಹಿಡಿಕೆಗೆ ಜೋತುಬಿದ್ದು ನಾನು ಏದುಸಿರು ಬಿಡುತ್ತ ಓಡುವುದು, ಅವಳು "ಹಿಡದೀರಿಲ್ರೀ?" ಎನ್ನುವುದು, ನಾನು ಉಸಿರಿಲ್ಲದೆ ತಲೆಯಾಡಿಸುವುದು, ಬೆನ್ನಿಗೆ ಕಣ್ಣಿಲ್ಲದ ಅವಳು "ಬಾಯಿ ಬಿಟ್ಟ ಹೇಳ್ರಿ!" ಎಂದು ಗದರುವುದು, ಇಷ್ಟೂ ದಿನನಿತ್ಯದ ಕಾರ್ಯಕ್ರಮವಾಯಿತು. ವಾಕಿಂಗಿಗೆ ಬರುತ್ತಿದ್ದ ಈರಣ್ಣ ಕಾಕಾ ಮೈದಾನದ ಅಂಚಿನಲ್ಲಿ ನಿಂತು, "ಗಟ್ಟಿ ಹಿಡಕೋ ತಮ್ಮಾ, ಈ ಸಲ ಆಕಿ ನಿನ್ನ ಬಿಟ್ಟ ಹೋದಾಳು!" ಎಂದು ಹುರಿದುಂಬಿಸಿದರು. ಒಮ್ಮೆ ಇಬ್ಬರೂ ಬಿದ್ದೆವು. ಅವಳು ಎದ್ದು ಸೀರೆ ಕೊಡವಿಕೊಂಡು ಮತ್ತೆ ಕುಳಿತಳು. ನಾನು ಏಳಲು ಸ್ವಲ್ಪ ತಡವಾಯಿತು. ಆದರೆ ನಿಜ ಹೇಳಬೇಕೆಂದರೆ ಪ್ಯಾಂಟು ಸಡಿಲಾಯಿತು, ಮೆಟ್ಟಿಲು ಹತ್ತುವಾಗ ನಡುವೆ ನಿಂತು ಆಕಾಶ ನೋಡುವ ಅಭ್ಯಾಸ ಬಿಟ್ಟುಹೋಯಿತು.

ಲೈಸೆನ್ಸ್ ಕೈಗೆ ಬಂದ ಮೇಲೆ ಮೋಟಾರ್ ಸೈಕಲ್ ಕೊಟ್ಟು ಸ್ಕೂಟರ್ ತಂದೆವು. ಈಗ ಮೂರೂ ಕಡೆ ಅವಳೇ ಕರೆದೊಯ್ಯುತ್ತಾಳೆ. ತಿಂಗಳ ಕೊನೆಗೆ ಕಚೇರಿಯವರು ಆರಾಮದ ಮಾತು ತೆಗೆಯಲಿಲ್ಲ, ನಾನೂ ನೆನಪಿಸಲಿಲ್ಲ. ಹಿಂದೆ ಕುಳಿತು ವರದಿ ಹೊಂದಿಸುವುದಕ್ಕೆ ಎಂಥ ಅನುಕೂಲ ಎಂದು ಮೊದಲೇ ಗೊತ್ತಿದ್ದರೆ ಎಂದೋ ಗಾಡಿ ಕೊಟ್ಟುಬಿಡುತ್ತಿದ್ದೆ. ಹೊರಡುವ ಮುನ್ನ ಪ್ರತಿ ಸಲ ಅವಳು "ಕುಂತ್ರೇನ್ರಿ?" ಎಂದು ಕೇಳುತ್ತಾಳೆ. "ಹೂಂ" ಎಂದ ಮೇಲೆಯೇ ಗಾಡಿ ಮುಂದೆ ಹೋಗುತ್ತದೆ. ಇದು ಮಾದೇವಿಯ ಕಾನೂನು.

ಹೋದ ವಾರ ಹುಕ್ಕೇರಿಯಿಂದ ಹೊರಟವರು ಅದೇ ಬಂಕಿಗೆ ಹೋದೆವು. ನಾನು ಇಳಿದು ಬದಿಗೆ ನಿಂತೆ. ಅಂದು ವೇದಿಕೆ ತುಂಬಿತ್ತು, ಎಡಗಡೆಯಿಂದ ಹೆಸರು ಜೋಡಿಸುತ್ತಿದ್ದೆ. "ಕುಂತ್ರೇನ್ರಿ?" ಎಂಬ ದನಿ ಕೇಳಿತು. "ಹೂಂ" ಎಂದೆ. ಸ್ಕೂಟರ್ ಹೊರಟಿತು. ನಾನು ನಿಂತಲ್ಲೇ ಇದ್ದೆ.

ಕೂಗಬೇಕು ಎಂದುಕೊಳ್ಳುವಷ್ಟರಲ್ಲಿ, ಬಂಕಿನ ಅಂಗಳವನ್ನೂ ದಾಟದ ಸ್ಕೂಟರ್ ಗಕ್ಕನೆ ನಿಂತಿತು. ಮಾದೇವಿ ತಿರುಗಿ ನೋಡಿದಳು. ನಾನು ಓಡಿಹೋದೆ. ಈಗ ಓಡಲು ಬರುತ್ತದೆ.

"ಇಷ್ಟ ಲಗೂನ ಹೆಂಗ ಗೊತ್ತಾತ?" ಎಂದೆ.

"ಗೊತ್ತಾಗದ ಏನ್ರಿ? ಹಿಂದ ಒಂದು ಜೀವ ಕುಂತೈತೋ ಇಲ್ಲೋ ಅನ್ನೂದು ಗಾಡಿ ಹೊಡ್ಯಾವ್ರಿಗೆ ತಿಳಿಯೂದಿಲ್ಲೇನು?"

ಉತ್ತರ ನನ್ನಲ್ಲಿತ್ತು. ನನ್ನ ಭಾರಕ್ಕೂ ಅವಳ ಭಾರಕ್ಕೂ ಇರುವ ವ್ಯತ್ಯಾಸವನ್ನು ಮುಂದಿಟ್ಟು, ನಾನು ಅಂದು ಘಟಪ್ರಭಾದವರೆಗೆ ಹೋದದ್ದಕ್ಕೆ ಒಳ್ಳೆಯ ಸಮರ್ಥನೆ ಕೊಡಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಬಾಯಿ ಮುಚ್ಚಿಕೊಂಡು ಹಿಂದೆ ಕುಳಿತೆ. ವಯಸ್ಸಾದ ಮೇಲೂ ಬುದ್ಧಿ ಚುರುಕಾಗಬಲ್ಲದು ಎಂದು ವೈದ್ಯರು ಹೇಳಿದ್ದರಲ್ಲ, ಅದು ನಿಜವಿರಬೇಕು ಎಂದು ನನಗೆ ಮೊದಲ ಬಾರಿಗೆ ಅನ್ನಿಸಿದ್ದು ಆಗಲೇ.

"ಕುಂತ್ರೇನ್ರಿ?" ಎಂದಳು.

ಈ ಸಲ ಕೈಯಿಂದ ಸೀಟು ಮುಟ್ಟಿ ನೋಡಿಕೊಂಡು, ಹೂಂ ಎಂದೆ.